ವೃಕ್ಕಮರ್ದನ ಪ್ರಕರಣ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಬೇಕು, ಹೇಳಿಬಿಡುತ್ತೇನೆ. ವಿಷಯ: ಮೂತ್ರಪಿಂಡವನ್ನು ಶ್ರಮವಿಲ್ಲದೆ, ಮನೆಯವರಿಗೂ ಗೊತ್ತಾಗದಂತೆ ಕೆಡಿಸುವ ಕ್ರಮ. ಪ್ರಯೋಜನ: ಯಾರಿಗೂ ಇಲ್ಲ. ಸಂಬಂಧ: ನಾಲಗೆಗೂ ಬೆನ್ನಿಗೂ ಇರುವಂಥದು. ಅಧಿಕಾರಿ: ಮೂರು ಹೊತ್ತು ಉಣ್ಣುವ, ಮಂಡಿ ನೋಯುವ, ‘ನಂಗೇನಾಗಿದೆ?’ ಎನ್ನುವ ಪ್ರತಿಯೊಬ್ಬನೂ. ಈ ಮೂರು ಅರ್ಹತೆಯೂ ಒಂದೇ ದೇಹದಲ್ಲಿ ಕೂಡಿಬಂದಿರುವುದು ನನ್ನ ಸೋದರಮಾವನಲ್ಲಿ. ಮಂಡ್ಯದವರು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಈ ಪ್ರಬಂಧದ ಕ್ಷೇತ್ರಕಾರ್ಯವೆಲ್ಲ ನಡೆದದ್ದು ಅವರ ಎದುರು ಊಟಕ್ಕೆ ಕೂತು.

ಮೊದಲು ಶಬ್ದಚರ್ಚೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಈ ಅಂಗ ಕೆಲವೊಮ್ಮೆ ಮೂತ್ರಜನಕಾಂಗ, ಕೆಲವೊಮ್ಮೆ ಮೂತ್ರಪಿಂಡ. ಒಂದರಲ್ಲಿ ಜನಕನಿದ್ದಾನೆ, ಇನ್ನೊಂದರಲ್ಲಿ ಪಿಂಡವಿದೆ. ಬಾಣಂತಿ ಕೋಣೆಯಿಂದ ತಿಥಿಯವರೆಗಿನ ದಾರಿಯನ್ನು ಎರಡೇ ಪದ ಮುಗಿಸಿಬಿಟ್ಟಿವೆ. ವೃಕ್ಕ ಎಂಬ ಸಂಸ್ಕೃತ ಪದವನ್ನು ಪಂಡಿತರ ಹೊರತು ಯಾರೂ ಮುಟ್ಟುವುದಿಲ್ಲ, ಅದಕ್ಕೇ ನಾನು ತಲೆಬರಹಕ್ಕೆ ಅದನ್ನು ಹಾಕಿದ್ದು. ಜನ ಕಿಡ್ನಿ ಎನ್ನುತ್ತಾರೆ, ಸರಿಯಾಗಿಯೇ ಇದೆ.

ನನ್ನನ್ನು ಕಾಡಿದ್ದು ಬೇರೆ ಕೊರತೆ. ಕನ್ನಡದಲ್ಲಿ ಎದೆ ಝಲ್ಲೆನ್ನುತ್ತದೆ, ಕರುಳು ಚುರುಕ್ಕೆನ್ನುತ್ತದೆ, ಹೊಟ್ಟೆ ಉರಿಯುತ್ತದೆ, ಪಿತ್ತ ನೆತ್ತಿಗೇರುತ್ತದೆ. ಕಿಡ್ನಿ ಏನು ಮಾಡುತ್ತದೆ? ಅದರ ಹೆಸರಿನಲ್ಲಿ ನಾನು ಕೇಳಿದ ನುಡಿಗಟ್ಟು ಒಂದೂ ಇಲ್ಲ, ಗಾದೆಯಿಲ್ಲ. ಜಗಳದಲ್ಲಿ ಯಾರೂ ಅದನ್ನು ಹಿಡಿದು ಬೈದದ್ದೂ ಇಲ್ಲ. ಇಲ್ಲಿಂದ ನಮ್ಮ ಪ್ರಥಮ ಸೂತ್ರ: ನೋಯದ್ದಕ್ಕೆ ನುಡಿಯಿಲ್ಲ, ನುಡಿಯಿಲ್ಲದ್ದು ಇಲ್ಲವೇ ಇಲ್ಲ. ‘ಕಲ್ಲಾದಾಗ ಪ್ರಾಣ ಹೋಗುವಂತೆ ನೋಯುತ್ತದಲ್ಲ?’ ಎಂದು ಪೂರ್ವಪಕ್ಷಿ ಕೇಳಬಹುದು. ಆಗ ಒದ್ದಾಡುವುದು ಬಹುಪಾಲು ಕಲ್ಲು ಸಿಕ್ಕಿಕೊಂಡ ಮೂತ್ರನಾಳ. ವರ್ಷಗಟ್ಟಲೆ ನಿಧಾನಕ್ಕೆ ಸವೆಯುವಾಗ ಕಿಡ್ನಿ ತುಟಿ ಬಿಚ್ಚುವುದಿಲ್ಲ.

ಈ ಮೂಕಪ್ರಾಣಿಯ ದುಡಿಮೆ ಎಷ್ಟೆಂದು ನೋಡಿ. ಒಂದೊಂದರ ತೂಕ ಸುಮಾರು 150 ಗ್ರಾಂ, ಒಳಗೆ ಸುಮಾರು 10 ಲಕ್ಷ ನೆಫ್ರಾನುಗಳು. ಹೃದಯ ತಳ್ಳುವ ರಕ್ತದ ಐದನೇ ಒಂದು ಪಾಲು ಬರುವುದು ಇವೆರಡರ ಬಾಗಿಲಿಗೆ. ದಿನಕ್ಕೆ ಸೋಸುವ ದ್ರವ ಸುಮಾರು 180 ಲೀಟರ್. ಬೆಂಗಳೂರಿನ ಬಾಡಿಗೆ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಇಪ್ಪತ್ತು ಲೀಟರಿನ 9 ಕ್ಯಾನು. ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಹೊರಗೆ ಬಿಟ್ಟು ಮಿಕ್ಕಿದ್ದನ್ನೆಲ್ಲ ರಕ್ತಕ್ಕೆ ವಾಪಸು ಕೊಡುತ್ತದೆ. ಸತ್ತ ನೆಫ್ರಾನಿನ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ, ಉಳಿದವೇ ಅದರ ಕೆಲಸವನ್ನೂ ಹೊರುತ್ತವೆ. ಮಾವನಿಗೆ ಇದನ್ನು ವಿವರಿಸಿದಾಗ ಅವರು ತಕ್ಷಣ ತಲೆದೂಗಿದರು: ‘ಓ, ಹೆಚ್ಚುವರಿ ಪ್ರಭಾರ! ನಾನೂ ಏಳು ವರ್ಷ ಮಾಡಿದೀನಿ ಕಣೋ.’

ಇನ್ನು ಗ್ರಂಥಶೋಧನೆ. ‘ಉಪ್ಪು ತಿಂದವ ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ಇಷ್ಟು ಕಾಲ ನೀತಿಪಾಠವೆಂದು ತಪ್ಪಾಗಿ ಓದಲಾಗಿದೆ. ಇದು ಅಪ್ಪಟ ಶರೀರಶಾಸ್ತ್ರ. ತಿಂದ ಉಪ್ಪು ರಕ್ತದಲ್ಲಿ ನೀರನ್ನು ಹಿಡಿದಿಡುತ್ತದೆ, ನೀರು ಹೆಚ್ಚಿದಂತೆ ನಾಳಗಳ ಮೇಲೆ ಒತ್ತಡ ಏರುತ್ತದೆ, ಏರಿದ ಒತ್ತಡ ಕಿಡ್ನಿಯ ಕೂದಲೆಳೆಯಂಥ ಜರಡಿಗಳನ್ನು ಗಟ್ಟಿಯಾಗಿಸಿ ಕೆಡಿಸುತ್ತದೆ. ಗಾದೆಕಾರನಿಗೆ ಎಲ್ಲ ಗೊತ್ತಿತ್ತು, ಒಂದು ಪಾಠದೋಷ ಮಾತ್ರ ನುಸುಳಿದೆ. ತಿಂದವನು ಬೇರೆ, ಕುಡಿಯುವವನು ಬೇರೆ. ನಾನು ಸೂಚಿಸುವ ಪರಿಷ್ಕೃತ ಪಾಠ: ಉಪ್ಪು ತಿಂದದ್ದು ನಾಲಗೆ, ನೀರು ಕುಡಿದದ್ದು ಕಿಡ್ನಿ.

ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಸಂಸ್ಥೆಯವರು ಮಂಡ್ಯದಲ್ಲಿ ಉಂಡಂತೆ ಕಾಣುವುದಿಲ್ಲ. ನಾವು ತಿಂಡಿಗೆ ಉಪ್ಪಿಟ್ಟು, ಊಟಕ್ಕೆ ಉಪ್ಸಾರು, ನೆಂಚಿಕೊಳ್ಳಲು ಉಪ್ಪಿನಕಾಯಿ ಎಂದು ಅಪರಾಧವನ್ನು ಹೆಸರಿನಲ್ಲೇ ಒಪ್ಪಿಕೊಂಡು ಉಣ್ಣುವ ಜನ. ಮಾವನ ತಟ್ಟೆಯಲ್ಲಿ ಮುದ್ದೆಯ ಬಲಕ್ಕೆ ಮಾವಿನಮಿಡಿ, ಎಡಕ್ಕೆ ಎರಡು ಬಾಳಕ, ಅಂಚಿನಲ್ಲಿ ಒಂದು ಚಿಟಿಕೆ ಬಿಡಿ ಉಪ್ಪು, ‘ಬೇಕಾದರೆ ಇರಲಿ’ ಅಂತ. ಹಪ್ಪಳವನ್ನು ನಾನು ಪಟ್ಟಿಗೆ ಸೇರಿಸಹೊರಟೆ. ‘ಹಪ್ಪಳ ಲೆಕ್ಕಕ್ಕೆ ಬರಲ್ಲ, ಅದು ಬರೀ ಸದ್ದು’ ಎಂದರು. ಕೆಲ ದಿನಗಳಿಂದ ಸೈಂಧವ ಲವಣಕ್ಕೆ ಬದಲಾಗಿದ್ದಾರೆ, ಆದ್ದರಿಂದ ಮೊದಲಿಗಿಂತ ಧಾರಾಳವಾಗಿ ಉದುರಿಸುತ್ತಾರೆ. ಗುಲಾಬಿ ಬಣ್ಣವಿದ್ದರೂ ಅದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್ ಎಂದರೆ ನನ್ನನ್ನು ನಾಸ್ತಿಕನ ಹಾಗೆ ನೋಡುತ್ತಾರೆ.

ಸಕ್ಕರೆಯ ವಿಚಾರದಲ್ಲಿ ಅವರದು ದ್ವೈತ. ‘ಶುಗರ್ ಇದೆ, ಆದ್ರೆ ಬಾರ್ಡರ್.’ ಈ ಬಾರ್ಡರಿನಲ್ಲಿ ಅವರು ಹನ್ನೊಂದು ವರ್ಷದಿಂದ ಯೋಧರಂತೆ ನಿಂತಿದ್ದಾರೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರು. ಆಲೆಮನೆಯ ಜಿಲ್ಲೆಯವರಿಗೆ ಬೆಲ್ಲ ಸಿಹಿಯಲ್ಲ, ಸ್ವಾಭಿಮಾನ. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಜರಡಿಗಳು ಮೊದಮೊದಲು ಇಮ್ಮಡಿ ಹುರುಪಿನಿಂದ ಸೋಸುತ್ತವೆ. ಆಮೇಲೆ ತೂತು ದೊಡ್ಡದಾಗಿ, ಬಿಡಬಾರದ ಆಲ್ಬುಮಿನ್ ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತವೆ, ನೊರೆ ಕಾಣಿಸಿಕೊಳ್ಳುತ್ತದೆ. ಕಿಡ್ನಿ ಕೈಕೊಟ್ಟವರಲ್ಲಿ ಹೆಚ್ಚಿನವರ ಕಥೆ ಆರಂಭವಾಗುವುದು ಸಕ್ಕರೆ ಕಾಯಿಲೆ, ರಕ್ತದೊತ್ತಡ ಈ ಎರಡರಿಂದ. ಬೀಡಿ ಸಿಗರೇಟು ನಾಳಗಳನ್ನು ಕಿರಿದು ಮಾಡಿ ಈ ಎರಡಕ್ಕೂ ಊಳಿಗ ಮಾಡುತ್ತವೆ. ಅವುಗಳ ಬಗ್ಗೆ ಪೊಟ್ಟಣದ ಮೇಲೇ ಚಿತ್ರಸಹಿತ ವ್ಯಾಖ್ಯಾನ ಇರುವುದರಿಂದ ನಾನು ಮುಂದೆ ಹೋಗುತ್ತೇನೆ.

ಈ ಶಾಸ್ತ್ರಕ್ಕೆ ನನ್ನ ಸ್ವಂತ ಕೊಡುಗೆ ಒಂದು ಶಾಸನದ ಓದು. ಹೋದ ತಿಂಗಳು ಮಾವನ ಜೊತೆ ಮೆಡಿಕಲ್ ಸ್ಟೋರಿಗೆ ಹೋಗಿದ್ದೆ. ‘ಮಂಡಿಗೆ ಕೊಡಪ್ಪ, ಮಾಮೂಲಿದು’ ಎಂದರು. ಹುಡುಗ ಮೊಬೈಲಿನಿಂದ ಕಣ್ಣೆತ್ತದೆ ಡಬ್ಬಿಗೆ ಕೈಹಾಕಿ ಒಂದು ಶೀಟು ಎಳೆದ, ಕತ್ತರಿಯಲ್ಲಿ ಆರು ಮಾತ್ರೆ ಕತ್ತರಿಸಿಕೊಟ್ಟ. ಕತ್ತರಿ ಹೆಸರಿನ ನಡುವೆಯೇ ಹಾದು ಹೋಗಿತ್ತು. ನಮ್ಮ ಪಾಲಿಗೆ ಬಂದದ್ದು ‘…ಫೆನಾಕ್’ ಅಷ್ಟೇ, ರುಂಡ ಡಬ್ಬಿಯಲ್ಲೇ ಉಳಿಯಿತು. ತ್ರುಟಿತ ಶಾಸನಗಳನ್ನು ಓದುವ ಕ್ರಮದಲ್ಲಿ ಅಳಿದ ಅಕ್ಷರಗಳನ್ನು ತುಂಬಿ ಓದಿದೆ: ಡೈಕ್ಲೊಫೆನಾಕ್. ನೋವನ್ನೂ ಊತವನ್ನೂ ಕೆರಳಿಸುವ ಪ್ರೊಸ್ಟಾಗ್ಲಾಂಡಿನುಗಳನ್ನು ಈ ಮಾತ್ರೆ ತಡೆಯುತ್ತದೆ. ಫಜೀತಿಯೆಂದರೆ, ಕಿಡ್ನಿಗೆ ರಕ್ತ ತರುವ ಕಿರುನಾಳಗಳು ಬಿಗಿಯದಂತೆ ನೋಡಿಕೊಳ್ಳುವುದೂ ಅವೇ. ಮಂಡಿ ನಡೆಯಿತು, ಕಿಡ್ನಿಯ ಬಾಗಿಲು ಅರ್ಧ ಮುಚ್ಚಿತು. ಜೊತೆಗೆ ಕೆಲವು ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ ಸೇರಿದರೆ ಇನ್ನೂ ಕೆಡುಕು. ಮಾವ ಮೂರನ್ನೂ ಒಂದೇ ಗುಟುಕಿಗೆ ನುಂಗುತ್ತಾರೆ, ನೀರು ಉಳಿಸಲು.

ನೀರಿನ ವಿಷಯದಲ್ಲಿ ಎರಡು ಪಂಥಗಳಿವೆ. ಬಹುಜಲವಾದಿಗಳು ಪಾರ್ಕಿನಲ್ಲಿ ಕಾಣಸಿಗುತ್ತಾರೆ. ಮೊಬೈಲು ಕೂಗಿದಾಗಲೆಲ್ಲ ಕುಡಿಯುತ್ತಾರೆ, ಬಾಯಾರಿಕೆ ಎಂಬ ಪ್ರಮಾಣವನ್ನು ಒಪ್ಪುವುದಿಲ್ಲ. ಅಲ್ಪಜಲವಾದಿಗಳು ಬಸ್ಸಿನಲ್ಲಿ ಸಿಗುತ್ತಾರೆ. ದಿನಾ ಹಳ್ಳಿ ಶಾಲೆಗೆ ಹೋಗಿಬರುವ ನನ್ನ ಅಕ್ಕ ಬೆಳಗಿನ ಕಾಫಿ ಬಿಟ್ಟರೆ ಸಂಜೆ ಮನೆಗೆ ಬರುವವರೆಗೆ ನೀರು ಮುಟ್ಟುವುದಿಲ್ಲ, ಏಕೆಂದರೆ ಅಲ್ಲಿನ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಅವಳ ಮೂತ್ರದ ಸೋಂಕನ್ನು ‘ಜೀವನಶೈಲಿಯ ದೋಷ’ ಎಂದು ಬರೆಯುವ ವಿದ್ವಾಂಸರು ಮೊದಲು ಆ ಚಿಲಕದ ಮೇಲೊಂದು ಪ್ರಬಂಧ ಬರೆಯಲಿ. ಇಲ್ಲಿ ನನ್ನ ಅಣಕಕ್ಕೆ ಬಾಯಿ ಬರುತ್ತಿಲ್ಲ, ಮುಂದಿನ ಪ್ರಕರಣಕ್ಕೆ ಹೋಗೋಣ.

ಪಥ್ಯದಿಂದಲೂ ಕಿಡ್ನಿ ಕೆಡಿಸಬಹುದೆನ್ನುವುದು ಶಾಸ್ತ್ರದ ಗಹನ ಭಾಗ. ಕರಾವಳಿಯ ಹಿತ್ತಲಿನ ಬಿಂಬುಳಿ ಹಣ್ಣು ಉಪ್ಪಿನಕಾಯಿಗೂ ಮೀನುಸಾರಿಗೂ ಎಷ್ಟೋ ಕಾಲದಿಂದ ಬೀಳುತ್ತಿದೆ. ಕೊಲೆಸ್ಟ್ರಾಲು ಇಳಿಯುತ್ತದೆಂದು ಯಾರೋ ಹೇಳಿದ್ದೇ ತಡ, ಜನ ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿದರು. 2013ರಲ್ಲಿ ಕೇರಳದ ವೈದ್ಯರು ಹೀಗೆ ಕಿಡ್ನಿ ದಿಢೀರನೆ ಕೈಕೊಟ್ಟ ಹತ್ತು ಮಂದಿಯ ವಿವರ ಪ್ರಕಟಿಸಿದರು. ಹಣ್ಣಿನ ಆಕ್ಸಲೇಟು ಹರಳುಗಟ್ಟಿ ಕಿಡ್ನಿಯ ನಾಳಗಳಲ್ಲಿ ಕೂತಿತ್ತು.

ಇಷ್ಟೆಲ್ಲ ಸಾಧಿಸಿದ ಮೇಲೆ ಉತ್ತರಕ್ರಿಯೆ. ವಿಲೆಮ್ ಕೋಲ್ಫ್ ಎಂಬ ವೈದ್ಯ 1943ರಲ್ಲಿ, ನಾಜಿಗಳು ಆಕ್ರಮಿಸಿದ್ದ ನೆದರ್ಲೆಂಡ್ಸಿನಲ್ಲಿ, ಮಾಂಸದ ಸಾಸೇಜಿಗೆ ಸುತ್ತುವ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಬಳಕೆಗೆ ಒದಗುವಂಥ ಮೊದಲ ಡಯಾಲಿಸಿಸ್ ಯಂತ್ರ ನಡೆಸಿದ. ಇಂದಿನ ಯಂತ್ರ ಬೀರುವಿನ ಅರ್ಧದಷ್ಟಿದೆ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ತಾಸು ಅದಕ್ಕೆ ಕೈ ಒಪ್ಪಿಸಿ ಮಲಗಬೇಕು. ಆದರೂ 300 ಗ್ರಾಂ ಮಾಂಸದ ಕೆಲಸದಲ್ಲಿ ಒಂದು ಪಾಲನ್ನು ಮಾತ್ರ ಅದು ಮಾಡುತ್ತದೆ.

ಕ್ಷೇತ್ರಕಾರ್ಯದ ಕೊನೆಯ ದಿನ ಮಾವ ಲ್ಯಾಬಿನ ಹಾಳೆ ತಂದು ನನ್ನ ಮುಂದೆ ಹಿಡಿದರು. ‘ಓದೋ ಪಂಡಿತ. ಕ್ರಿಯಾಟಿನಿನ್ 1.1. ನಾರ್ಮಲ್!’ ಎಷ್ಟೋ ಸಲ ಅರ್ಧದಷ್ಟು ಕೆಲಸ ನಿಂತುಹೋಗುವವರೆಗೂ ಈ ಅಂಕಿ ನಾರ್ಮಲ್ ಎಂದೇ ಹೇಳುತ್ತಿರುತ್ತದೆ ಎಂದು ನಾನು ಬಾಯಿ ತೆರೆದೆ. ಅವರ ಕಾಲಿನ ಮೇಲೆ ಕಾಲ್ಚೀಲ ಕಳಚಿ ಗಂಟೆಯಾದರೂ ರಬ್ಬರಿನ ಅಚ್ಚು ಉಂಗುರದಂತೆ ಹಾಗೇ ಕೂತಿತ್ತು. ‘ಕೆಳಗಿನ ಸಾಲು ಏನಿದೆ ಮಾವ, ಯೂರಿನ್ ಆಲ್ಬುಮಿನ್?’ ಎಂದೆ.

ಅವರು ಆ ಸಾಲು ಒಳಗೆ ಹೋಗುವಂತೆ ಹಾಳೆಯನ್ನು ನೀಟಾಗಿ ಮಡಚಿ ಜೇಬಿಗಿಟ್ಟರು. ಮೂವತ್ತು ವರ್ಷ ಕಡತ ಮಡಚಿದ ಕೈ.

‘ಆ ಬಾಳಕ ಇತ್ಲಾಗೆ ತಳ್ಳು’ ಎಂದರು.