ಕ್ಯಾಪ್ಟನ್ ಮತ್ತು ಇಪ್ಪತ್ತಮೂರು ಬೈಕು

ಮೋಟಾರ್ ಸೈಕಲ್ಲಿಗೆ ಎರಡು ಚಕ್ರ, ಒಂದು ಎಂಜಿನ್, ಟ್ಯಾಂಕಿನಲ್ಲಿ ಒಂದಿಷ್ಟು ಪೆಟ್ರೋಲ್ ಇದ್ದರೆ ಸಾಕು ಅಂತ ಜನ ನಂಬಿಕೊಂಡಿದ್ದ ಕಾಲವೊಂದಿತ್ತು. ಅದಕ್ಕೊಬ್ಬ ಕ್ಯಾಪ್ಟನ್ನೂ ಬೇಕು ಅನ್ನುವುದು ಬೆಂಗಳೂರಿಗೆ ಈಚೆಗೆ ತಿಳಿದಿದೆ. ಅನುಮಾನವಿದ್ದವರು ಯಾವುದಾದರೂ ಭಾನುವಾರ ಬೆಳಗಿನ ಜಾವ ತುಮಕೂರು ರಸ್ತೆಯ ಪೆಟ್ರೋಲ್ ಬಂಕಿನ ಪಕ್ಕ ಹೋಗಿ ನಿಂತುಕೊಳ್ಳಬಹುದು. ಸಾಲಾಗಿ ನಿಂತ ಬೈಕುಗಳ ನಡುವೆ ಒಬ್ಬರು ಓಡಾಡುತ್ತಿರುತ್ತಾರೆ. ಕೈಯಲ್ಲಿ ಪಟ್ಟಿ, ಕತ್ತಿನಲ್ಲಿ ಸೀಟಿ. ಅವರಿಗೂ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇರುತ್ತದೆ. ಆದರೆ ಭಾನುವಾರ ಮಧ್ಯಾಹ್ನ ಹನ್ನೆರಡರ ತನಕ ಅದು ಚಾಲ್ತಿಯಲ್ಲಿರುವುದಿಲ್ಲ.

ಕ್ಯಾಪ್ಟನ್ನರಿಗೆ ನಲವತ್ತೈದರ ಆಸುಪಾಸು. ಸೋಮವಾರದಿಂದ ಶುಕ್ರವಾರದವರೆಗೆ ಐಟಿ ಪಾರ್ಕೊಂದರಲ್ಲಿ ಎಂಥದೋ ಮ್ಯಾನೇಜರು. ಅಲ್ಲಿ ಇವರು ಮಾತಾಡಲು ಶುರು ಮಾಡಿದ ಕೂಡಲೇ ಹನ್ನೆರಡು ಜನ ಒಟ್ಟಿಗೆ ಮ್ಯೂಟ್ ಆಗಿ ತಮ್ಮತಮ್ಮ ಕೆಲಸಕ್ಕೆ ತೊಡಗುತ್ತಾರಂತೆ. ಶನಿವಾರ ಅಪಾರ್ಟ್‌ಮೆಂಟಿನ ಸಂಘದ ಸಭೆ. ನೀರಿನ ಟ್ಯಾಂಕರಿನ ವಿಷಯದಲ್ಲೂ ಅಲ್ಲಿ ಇವರ ಮಾತು ನಡೆಯುವುದಿಲ್ಲ. ಇನ್ನುಳಿದದ್ದು ಭಾನುವಾರ. ಆವತ್ತು ಮೈಮೇಲೆ ಜಾಕೆಟ್ಟು, ಮೊಣಕಾಲಿಗೆ ಕವಚ, ಗಿಣ್ಣಿಗೆಲ್ಲ ಗಟ್ಟಿ ಪ್ಲಾಸ್ಟಿಕ್ ಇರುವ ಗ್ಲೌಸು, ಗದ್ದದ ಬಳಿ ಕ್ಯಾಮೆರಾ ಸಿಕ್ಕಿಸಿದ ಹೆಲ್ಮೆಟ್ಟು. ಇಷ್ಟನ್ನೂ ಧರಿಸುವುದಕ್ಕೆ ಬಣ್ಣದ ವೇಷದವರು ಚೌಕಿಯಲ್ಲಿ ಕೂರುವಷ್ಟೇ ಹೊತ್ತು ಹಿಡಿಯುತ್ತದೆ. ಬೈಕು ಹಿಮಾಲಯನ್. ಅದರ ಎರಡೂ ಪಕ್ಕ ಪೆಟ್ರೋಲ್ ಕ್ಯಾನು. ಬೆಂಗಳೂರಿನಿಂದ ತುಮಕೂರಿಗೆ ಎಪ್ಪತ್ತು ಕಿಲೋಮೀಟರ್. ದಾರಿಯುದ್ದಕ್ಕೂ ಎರಡೂ ಕಡೆ ಬಂಕುಗಳು. ಕ್ಯಾನು ಖಾಲಿ ಅಂತ ಬೇರೆ ಹೇಳಬೇಕಿಲ್ಲ.

ಈ ಗುಂಪಿಗೆ ಬರುವವರು ಹೆಚ್ಚಾಗಿ ಹೊಸಬರು. ‘ಬಿಗಿನರ್ಸ್ ರೈಡ್’ ಅಂತ ವಾಟ್ಸಾಪಿನಲ್ಲಿ ಬಂದಿರುತ್ತದೆ. ಒಬ್ಬ ಹುಡುಗನ ಕ್ಲಾಸಿಕ್ 350ರ ಹೆಡ್‌ಲೈಟಿನ ಮೇಲೆ ಪೂಜೆಯ ಕುಂಕುಮ ಇನ್ನೂ ಹಸಿಯಾಗಿದೆ. ಸುಮಾರು 195 ಕೆಜಿ ತೂಗುವ ಆ ಗಾಡಿಯನ್ನು ಅವನು ಸ್ಟ್ಯಾಂಡಿನಿಂದ ಇಳಿಸುವಾಗ ಪಕ್ಕದ ಮೂವರು ತಮ್ಮ ಗಾಡಿಗಳನ್ನು ಮೆಲ್ಲಗೆ ಆಚೆ ತಳ್ಳಿಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಇದ್ದಾರೆ, ಇಡೀ ಗುಂಪಿನಲ್ಲಿ ಟೈರಿನ ಗಾಳಿ ನೋಡಿಕೊಂಡು ಬಂದವರು ಅವರೊಬ್ಬರೇ. ಕೆಟಿಎಂ ಹುಡುಗರು ನಾಲ್ವರು. ಇವರು ಹೊಸಬರೇನಲ್ಲ. ಆದರೆ ಹೊಸಬರ ಕಣ್ಣೆದುರು ಓಡಿಸುವ ಸುಖ ಬೇರೆಲ್ಲೂ ಸಿಗುವುದಿಲ್ಲವಲ್ಲ.

ಐದೂಕಾಲಿಗೆ ಬ್ರೀಫಿಂಗ್, ಐದೂವರೆಗೆ ಫ್ಲ್ಯಾಗ್ ಆಫ್. ಇದು ಕಾಗದದ ಮೇಲಿನ ಲೆಕ್ಕ.

“ನೋಡಿ ಹುಡುಗ್ರಾ, ರೈಡಿಂಗ್ ಅಂದ್ರೆ ಸ್ಪೀಡಲ್ಲ, ಡಿಸಿಪ್ಲಿನ್ನು,” ಅಂತ ಕ್ಯಾಪ್ಟನ್ ಶುರು ಮಾಡುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ಅವರು ಹೇಳುವುದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಮೊದಲನೆಯವನು ಲೇನಿನ ಬಲಕ್ಕೆ, ಎರಡನೆಯವನು ಒಂದು ಸೆಕೆಂಡ್ ಹಿಂದೆ ಎಡಕ್ಕೆ, ಮೂರನೆಯವನು ಮತ್ತೆ ಬಲಕ್ಕೆ, ಮೊದಲನೆಯವನಿಂದ ಎರಡು ಸೆಕೆಂಡ್ ಹಿಂದೆ. ಹೀಗೆ ಹೋದರೆ ಸಾಲೂ ಉದ್ದವಾಗುವುದಿಲ್ಲ, ಎದುರಿಗೆ ನಾಯಿ ಬಂದರೆ ಪಕ್ಕಕ್ಕೆ ಸರಿಯಲು ಜಾಗವೂ ಇರುತ್ತದೆ. ತಿರುವಿನಲ್ಲಿ ಮಾತ್ರ ಒಬ್ಬರ ಹಿಂದೆ ಒಬ್ಬರು. ಗುಂಡಿಯನ್ನು ನೋಡಬೇಡಿ, ಗುಂಡಿ ಪಕ್ಕದ ರಸ್ತೆಯನ್ನು ನೋಡಿ, ಕಣ್ಣು ಹೋದ ಕಡೆಗೇ ಗಾಡಿ ಹೋಗುತ್ತೆ. ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಬೇಡಿ, ಗೇರ್ ಇಳಿಸಿ. ಒಂದು ಗುಂಪಿನಲ್ಲಿ ಏಳಕ್ಕಿಂತ ಹೆಚ್ಚು ಬೈಕು ಬೇಡ.

ಕೊನೆಯ ಮಾತು ಹೇಳುವಾಗ ಅವರೆದುರು ನಿಂತಿದ್ದವು ಇಪ್ಪತ್ತಮೂರು ಬೈಕು.

ಆಮೇಲೆ ಕೈಸನ್ನೆಗಳ ಪಾಠ. ಬಲಗೈ ಆಕ್ಸಿಲರೇಟರಿನ ಮೇಲಿರುವುದರಿಂದ ಸನ್ನೆಯೆಲ್ಲ ಎಡಗೈಯದ್ದು. ಒಂದು ಬೆರಳು ಎತ್ತಿದರೆ ಒಂಟಿ ಸಾಲು, ಎರಡು ಎತ್ತಿದರೆ ಜೋಡಿ ಸಾಲು, ಟ್ಯಾಂಕು ತೋರಿಸಿದರೆ ಪೆಟ್ರೋಲು, ಹೆಲ್ಮೆಟ್ಟಿನ ನೆತ್ತಿ ತಟ್ಟಿದರೆ ಮುಂದೆ ಪೊಲೀಸರು, ಬಲಗಡೆ ಗುಂಡಿಯಿದ್ದರೆ ಬಲಗಾಲು ಚಾಚುವುದು. ಎಲ್ಲವನ್ನೂ ಎರಡೆರಡು ಸಲ ಮಾಡಿ ತೋರಿಸಿ, ಪ್ರಶ್ನೆ ಕೇಳಿ, ಉತ್ತರ ತಿದ್ದಿ, ಗುಂಪಿನ ಫೋಟೋ ಆಗುವಷ್ಟರಲ್ಲಿ ಸೂರ್ಯ ಬಂಕಿನ ಹಿಂದಿನ ಗೋಡೌನಿನ ಮೇಲೆ ಬಂದು ನಿಂತಿರುತ್ತಾನೆ. ಬೆಟ್ಟದ ಮೇಲಿಂದ ಸೂರ್ಯೋದಯ ನೋಡುವುದು ಆವತ್ತಿನ ಮುಖ್ಯ ಕಾರ್ಯಕ್ರಮವಾಗಿತ್ತು.

ಹೊರಟಿದ್ದು ದೇವರಾಯನದುರ್ಗಕ್ಕೆ. ನೆಲಮಂಗಲದ ಟೋಲಿನಲ್ಲಿ ದ್ವಿಚಕ್ರ ವಾಹನಕ್ಕೆ ದುಡ್ಡಿಲ್ಲ, ಎಡಗಡೆಯಿಂದ ಸುಮ್ಮನೆ ಹೋಗಬಹುದು. ಕ್ಯಾಪ್ಟನ್ ಅಲ್ಲೂ ಇಳಿದು, ಸೀಟಿ ಊದಿ, ಒಬ್ಬೊಬ್ಬರನ್ನೇ ಎಣಿಸಿ ದಾಟಿಸಿದರು. ಹಿಂದಿದ್ದ ಹಾಲಿನ ವ್ಯಾನಿನವನು ಮಂತ್ರಿಗಳ ಕಾನ್ವಾಯ್ ಇರಬೇಕು ಅಂದುಕೊಂಡು ಸ್ವಲ್ಪ ಹೊತ್ತು ಗೌರವದಿಂದಲೇ ಕಾದ. ಆಮೇಲೆ ಕಾಯಲಿಲ್ಲ.

ಟೋಲು ದಾಟಿದ ಮೇಲೆ ಕ್ಯಾಪ್ಟನ್ನರ ಕತ್ತಿನ ಹತ್ತಿರ ಕಡಿತ ಶುರುವಾಯಿತು. ಎಡಗೈಯ ಗ್ಲೌಸನ್ನು ಹೆಲ್ಮೆಟ್ಟಿನ ಕೆಳಗೆ ತೂರಿಸಲು ನೋಡಿದರು, ಆಗಲಿಲ್ಲ, ಹೆಲ್ಮೆಟ್ಟನ್ನೇ ಎರಡು ಸಲ ಕುಟ್ಟಿಕೊಂಡರು. ಹಿಂದಿನವನು ತಾನೂ ನೆತ್ತಿ ತಟ್ಟಿದ. ಅವನ ಹಿಂದಿನವನೂ ತಟ್ಟಿದ. ಇಪ್ಪತ್ತಮೂರು ಜನ ಒಬ್ಬರಾದ ಮೇಲೊಬ್ಬರು ತಲೆ ಬಡಿದುಕೊಂಡು ವೇಗ ನಲವತ್ತಕ್ಕೆ ಇಳಿಸಿದರು. ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನ ಕಿಟಕಿಯಿಂದ ಒಬ್ಬ ಅಜ್ಜಿ ಈ ಇಡೀ ದೃಶ್ಯವನ್ನು ಕತ್ತು ಹೊರಳಿಸಿ ಕೊನೆಯವರೆಗೂ ನೋಡಿದರು.

ಅಷ್ಟರಲ್ಲಿ ಟಿವಿಎಸ್ ಎಕ್ಸೆಲ್ ಒಂದು ಸರ್ವಿಸ್ ರಸ್ತೆಯಿಂದ ಹತ್ತಿ ಬಂದು ನಮ್ಮ ಸಾಲಿನೊಳಕ್ಕೆ ಸೇರಿಕೊಂಡಿತು. ಓಡಿಸುವವರ ತಲೆಗೆ ಟವೆಲ್ಲು, ಹಿಂದೆ ಎರಡು ಬಾಳೆಗೊನೆ, ಮುಂದೆ ಕಾಲಿಡುವ ಜಾಗದಲ್ಲಿ ಬೂಸಾ ಚೀಲ. ಹೆಲ್ಮೆಟ್ ಇಲ್ಲದ್ದು ತಪ್ಪೇ. ಆದರೆ ಐದನೆಯವನ ಹಿಂದೆ, ಲೇನಿನ ಎಡಕ್ಕೆ, ಸರಿಯಾಗಿ ಒಂದು ಸೆಕೆಂಡಿನ ಅಂತರ ಬಿಟ್ಟು ಎರಡು ಮೈಲಿ ಬಂದರು ನೋಡಿ, ಆವತ್ತು ಬಂಕಿನ ಪಾಠವನ್ನು ಶುದ್ಧವಾಗಿ ಒಪ್ಪಿಸಿದವರು ಅವರೊಬ್ಬರೇ. ಮಣ್ಣಿನ ದಾರಿಗೆ ಹೊರಳುವಾಗ ಕೈಯನ್ನೂ ತೋರಿಸಿದರು.

ಇಲ್ಲೊಂದು ಮಾತು ಹೇಳಬೇಕು, ಇದು ನಗುವ ವಿಷಯವಲ್ಲ. ಇಂಥ ಸಾಲಿನಲ್ಲಿ ಹೊಸಬರು ಮುಂದಾಳಿನ ಬೆನ್ನಿಗೇ ಇರಬೇಕು. ಯಾಕೆಂದರೆ ಸಾಲು ರಬ್ಬರಿನ ಹಾಗೆ ಹಿಗ್ಗುತ್ತದೆ. ಮುಂದಿನವರು ಎಪ್ಪತ್ತರಲ್ಲಿ ಆರಾಮಾಗಿ ಹೋಗುತ್ತಿರುತ್ತಾರೆ. ನಡುವೆ ಲಾರಿಯೊಂದು ನುಗ್ಗಿತು ಅಂದರೆ ಅದರ ಹಿಂದಿನವರು ನಿಧಾನಿಸಬೇಕು, ಆಮೇಲೆ ಬಿಟ್ಟುಹೋದ ಅಂತರ ಮುಚ್ಚಲು ಎಂಬತ್ತರಲ್ಲಿ ಓಡಬೇಕು. ಹೀಗೆ ಹಿಂದೆ ಹಿಂದೆ ಹೋದಷ್ಟೂ ಒತ್ತಡ ಹೆಚ್ಚುತ್ತ ಕೊನೆಯವನು ತೊಂಬತ್ತೈದು ಮುಟ್ಟಿರುತ್ತಾನೆ. ಅಂದರೆ ಎಲ್ಲರಿಗಿಂತ ಜೋರಾಗಿ ಓಡಿಸಬೇಕಾದವನು ಎಲ್ಲರಿಗಿಂತ ಹಿಂದಿನವನು. ಕ್ಯಾಪ್ಟನ್ನರಿಗೆ ಇದು ಗೊತ್ತು, ಬ್ರೀಫಿಂಗಿನಲ್ಲಿ ಹೇಳಿಯೂ ಇದ್ದರು. ಆದರೆ ಕನ್ನಡಿಯಲ್ಲಿ ಕೆಟಿಎಂ ಹುಡುಗರು ಕಂಡರೆ ವಿಡಿಯೋ ಚೆನ್ನಾಗಿ ಬರುತ್ತದೆ, ಕುಂಕುಮದ ಹುಡುಗ ಕಂಡರೆ ಬರುವುದಿಲ್ಲ. ಹಾಗಾಗಿ ಹುಡುಗ ಇಪ್ಪತ್ತೆರಡನೆಯವನಾದ.

ಅವನ ಹಿಂದೆ, ಪುಣ್ಯಕ್ಕೆ, ಯೆಜ್ಡಿಯವರಿದ್ದರು. ಅರವತ್ತು ದಾಟಿದ ಮೈಸೂರಿನವರು, ಕಾಲಿಗೆ ಕ್ಯಾನ್ವಾಸ್ ಶೂ. ಅವರ ಗಾಡಿ ಹುಟ್ಟಿದ್ದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಗಾಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕಿಕ್ಕರನ್ನೇ ಮಡಚಿದರೆ ಗೇರ್ ಆಗುವ ಹಳೇ ಚಮತ್ಕಾರ. ಸಾಲಿನ ಕೊನೆಗೆ ಇರುವವರನ್ನು ಸ್ವೀಪ್ ಅನ್ನುತ್ತಾರೆ. ಯಾರಾದರೂ ನಿಂತರೆ ತಾನೂ ನಿಲ್ಲಬೇಕು, ಯಾರಾದರೂ ಹಿಂದುಳಿದರೆ ತಾನೂ ಹಿಂದುಳಿಯಬೇಕು. ಹುಡುಗ ಅಂತರ ಮುಚ್ಚಲು ಗಾಡಿ ಓಡಿಸತೊಡಗಿದಾಗ ಯೆಜ್ಡಿಯವರು ಪಕ್ಕಕ್ಕೆ ಬಂದು, “ನಿಧಾನವಾಗಿ ಹೋಗಪ್ಪಾ, ದುರ್ಗ ಎಲ್ಲೂ ಓಡಿಹೋಗಲ್ಲ,” ಅಂದರು. ದಿನವಿಡೀ ಅವರು ಆಡಿದ ಮಾತು ಬಹುಶಃ ಅಷ್ಟೇ.

ದಾಬಸ್‌ಪೇಟೆ ಹತ್ತಿರ ಪಂಕ್ಚರ್ ಆಯಿತು. ಕ್ಯಾಪ್ಟನ್ನರ ಮುಖ ಅರಳಿತು. ಟ್ಯಾಂಕ್ ಬ್ಯಾಗಿನಿಂದ ಕಿಟ್ಟು ಹೊರಬಂತು. ರೀಮರ್, ರಬ್ಬರಿನ ಎಳೆಗಳು, ಪುಟ್ಟ ಕಂಪ್ರೆಸರು. “ಎಲ್ಲ ಹತ್ತಿರ ಬನ್ನಿ, ಇದು ಪ್ರತಿಯೊಬ್ಬ ರೈಡರೂ ಕಲೀಬೇಕಾದ್ದು. ಯಾರ ಗಾಡಿ?”

“ನಿಮ್ದೇ ಸರ್.”

ಟ್ಯೂಬ್‌ಲೆಸ್ ಟೈರಾದರೆ ಮೊಳೆ ಕಿತ್ತು, ತೂತಿಗೆ ಎಳೆ ತುರುಕಿ, ಗಾಳಿ ಹೊಡೆದು ಹತ್ತು ನಿಮಿಷದಲ್ಲಿ ಹೊರಡಬಹುದು. ಆದರೆ ಕ್ಯಾಪ್ಟನ್ನರ ಹಿಮಾಲಯನ್ನಿಗೆ ಕಡ್ಡಿ ಚಕ್ರ, ಒಳಗೆ ಟ್ಯೂಬು. ಆ ಕಿಟ್ಟು ಅದಕ್ಕೆ ಸಂಬಂಧವೇ ಪಡುವುದಿಲ್ಲ. ಗಾಡಿ ಕೊಂಡಾಗಿನಿಂದ ಈ ಸಂಗತಿ ಎದುರಿಗೇ ಇತ್ತು, ಆದರೆ ಮುಖಾಮುಖಿ ಆಗಿರಲಿಲ್ಲ. ಇಪ್ಪತ್ತೆರಡು ಜನ ಸುತ್ತ ನಿಂತು ನೋಡುತ್ತಿದ್ದರು. ಕೆಟಿಎಂ ಹುಡುಗನೊಬ್ಬ ಎಲ್ಲರಿಗಿಂತ ಹತ್ತಿರ ಬಂದು, “ಸರ್, ಈಗ ಏನ್ಮಾಡ್ಬೇಕು?” ಅಂತ ಬಹಳ ವಿನಯದಿಂದ ಕೇಳಿದ.

ಕ್ಯಾಪ್ಟನ್ ರೀಮರನ್ನು ಒಂದು ಸಲ ತಿರುಗಿಸಿ ನೋಡಿ, “ಇದು ಎಮರ್ಜೆನ್ಸಿ ಡ್ರಿಲ್ಲು. ಸ್ವೀಪ್ ಏನ್ಮಾಡ್ತಾರೆ ಅಂತ ಎಲ್ಲರೂ ಗಮನಿಸಿ,” ಅಂದರು. ಈ ಸಮಯಸ್ಫೂರ್ತಿ ಇಲ್ಲದಿದ್ದರೆ ಮನುಷ್ಯ ಮ್ಯಾನೇಜರಾಗಲು ಸಾಧ್ಯವೇ ಇಲ್ಲ.

ಸ್ವೀಪು ಆಗಲೇ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಬಿಚ್ಚುತ್ತಿದ್ದರು. ಕುಂಕುಮದ ಹುಡುಗನನ್ನು ಹಿಂದೆ ಕೂರಿಸಿ, ಚಕ್ರವನ್ನು ಅವನ ತೊಡೆಯ ಮೇಲಿಟ್ಟು ಯೆಜ್ಡಿ ಹೊರಟಿತು. ಪಂಕ್ಚರ್ ಅಂಗಡಿಯವನು ಆಗಷ್ಟೇ ಎದ್ದು ಹಲ್ಲುಜ್ಜುತ್ತಿದ್ದನಂತೆ. ಲಿವರ್ ಹಾಕಿ ಟೈರು ಮೀಟಿ, ಟ್ಯೂಬು ಎಳೆದು, ಗಾಳಿ ತುಂಬಿ, ಅಂಚು ಸೀಳಿದ ಬಾಂಡಲಿಯ ನೀರಿನಲ್ಲಿ ಅಷ್ಟಷ್ಟೇ ಮುಳುಗಿಸುತ್ತ ಬಂದ. ಗುಳ್ಳೆ ಎದ್ದ ಜಾಗಕ್ಕೆ ಉಗುರಿನಲ್ಲೇ ಗುರುತು ಹಾಕಿ, ಅರದಿಂದ ಉಜ್ಜಿ, ಸಲ್ಯೂಷನ್ ಸವರಿ, ಅದು ಒಣಗುವ ತನಕ ಬಾಯಿ ಮುಕ್ಕಳಿಸಿಕೊಂಡು ಬಂದು ಪ್ಯಾಚ್ ಒತ್ತಿದ. ಟೈರಿನ ಒಳಗೆ ಬೆರಳಾಡಿಸಿ ಮೊಳೆಯ ಚೂರು ತೆಗೆದು ಹುಡುಗನ ಕೈಗೇ ಕೊಟ್ಟ. ಹುಡುಗ ಆವತ್ತು ಕಲಿತದ್ದೆಲ್ಲ ಅಲ್ಲಿಯೇ. ಇತ್ತ ಹೆದ್ದಾರಿಯ ಬದಿಯಲ್ಲಿ ಕ್ಯಾಪ್ಟನ್ ಉಳಿದವರಿಗೆ ಕೈಸನ್ನೆಗಳ ಪುನರಾವರ್ತನೆ ಮಾಡಿಸುತ್ತಿದ್ದರು.

ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಊರ್ಡಿಗೆರೆ ಕಡೆಯಿಂದ ದುರ್ಗ ಹತ್ತಿದ್ದು, ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ, ನಡುವೆ ಕೋತಿಗಳು, ಇದನ್ನೆಲ್ಲ ಬೆಳೆಸುವುದಿಲ್ಲ. ಕ್ಯಾಪ್ಟನ್ನರ ಎಡಗೈ ಗ್ಲೌಸನ್ನು ಕೋತಿಯೊಂದು ಎತ್ತಿಕೊಂಡು ಹೋಯಿತು ಅನ್ನುವುದನ್ನು ಮಾತ್ರ ಹೇಳಿದರೆ ಸಾಕು. ಸನ್ನೆಗಳೆಲ್ಲ ಆ ಕೈಯದ್ದೇ ಆದ್ದರಿಂದ ಇಳಿಯುವಾಗ ಕೋತಿಯೇ ಮುಂದಿನ ಸೂಚನೆ ಕೊಡಬಹುದು ಅಂತ ಕೆಲವರು ಹಿಂದೆ ಮುಂದೆ ನೋಡುತ್ತಿದ್ದರು.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎದುರಿಗೆ ಬಂದಾಗ ಕ್ಯಾಪ್ಟನ್ನರ ನಿಜವಾದ ಪ್ರಯಾಣ ಶುರುವಾಗುತ್ತದೆ. ಮೊದಲು ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲಿನ ಸಿಟ್ಟು. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ, ಆಟೋ, ಟ್ರಾಕ್ಟರುಗಳ ಜೊತೆಗೆ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. “ಹಿಮಾಲಯ ದಾಟಿದ ನನ್ನನ್ನ ರಾಮನಗರದಲ್ಲಿ ಟ್ರಾಕ್ಟರ್ ಹಿಂದೆ ನಿಲ್ಲಿಸ್ತಾರೆ ಅಂದ್ರೆ!” ಅನ್ನುವಷ್ಟರಲ್ಲಿ ಇಡ್ಲಿಯ ಮೇಲಿನ ಬೆಣ್ಣೆ ಕರಗಿರುತ್ತದೆ. ಹಿಮಾಲಯ ಬಂದಮೇಲೆ ಲಡಾಖ್ ಬರಲೇಬೇಕು.

“ನಾನು ಖರ್ದುಂಗ್ ಲಾದಲ್ಲಿದ್ದಾಗ... ಹದಿನೆಂಟು ಸಾವಿರದ ಮುನ್ನೂರ ಎಂಬತ್ತಡಿ...”

“ಸರ್, ಅದು ಬೋರ್ಡಿನಲ್ಲಿ ಬರೆದಿರೋದು. ಅಳೆದು ನೋಡಿದ್ರೆ 17,582 ಅಂತೆ,” ಅಂದ ಕೆಟಿಎಂ ಹುಡುಗ, ಫೋನಿನಿಂದ ತಲೆ ಎತ್ತದೆ.

“ಅಳೆದವನು ಬೋರ್ಡ್ ಹತ್ರ ನಿಂತಿದ್ನಾ? ನಾನು ನಿಂತಿದ್ದೆ.”

“ಉಮ್ಲಿಂಗ್ ಲಾ 19,024 ಇದೆಯಂತಲ್ಲಾ ಸರ್?”

ಕ್ಯಾಪ್ಟನ್ ಇನ್ನೊಂದು ಇಡ್ಲಿ ತರಿಸಿದರು. ಅವರು ಖರ್ದುಂಗ್ ಲಾಕ್ಕೆ ಹೋಗಿದ್ದೇನೋ ನಿಜ. ಲೇಹ್‌ವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿ ಬಾಡಿಗೆ ಬೈಕು ಹಿಡಿದು, ಮೇಲಿನ ಉಸಿರು ಕೆಳಗಾಗಿ, ಬೋರ್ಡಿನ ಪಕ್ಕ ಫೋಟೋ ತೆಗೆಸಿಕೊಂಡು ಇಳಿದಿದ್ದರು. ಇಷ್ಟು ವಿವರ ಅವರ ಹೆಂಡತಿ ಯಾರಿಗೋ ಹೇಳಿದ್ದು. ಅವರ ಬಾಯಲ್ಲಿ ಆ ದಾರಿಗೆ ಪ್ರತಿ ಭಾನುವಾರ ಒಂದೊಂದು ಹೊಸ ತಿರುವು ಸೇರುತ್ತದೆ, ಈಚೆಗೊಂದು ಹಿಮಪಾತವೂ ಸೇರಿದೆ. ಬಿಲ್ಲು ಬಂದಾಗ ಇಪ್ಪತ್ತಮೂರರಿಂದ ಭಾಗಿಸಿ ಎಲ್ಲರ ಫೋನಿಗೂ ಪಾಲು ಕಳಿಸಿದರು. ಯೆಜ್ಡಿಯವರ ಹತ್ತಿರ ಬಟನ್ ಫೋನು. ಅವರು ಅಂಗಿಯ ಒಳಜೇಬಿನಿಂದ ನೂರರ ನೋಟು ತೆಗೆದು ಕೊಟ್ಟು, ಪಂಕ್ಚರಿನ ಲೆಕ್ಕ ಎತ್ತಲೇ ಇಲ್ಲ.

ಕುಂಕುಮದ ಹುಡುಗ ಆಮೇಲೆ ಎರಡು ರೈಡಿಗೆ ಕಾಣಿಸಲಿಲ್ಲ. ಹೆದರಿ ಬಿಟ್ಟಿರಬೇಕು ಅಂದುಕೊಂಡೆವು. ಮೊನ್ನೆ ಅದೇ ಬಂಕಿನ ಆ ತುದಿಯಲ್ಲಿ ಇನ್ನೊಂದು ಗುಂಪು ನಿಂತಿತ್ತು. ಕಾಲೇಜಿನ ಏಳೆಂಟು ಹುಡುಗರು, ನಡುವೆ ಹೊಚ್ಚ ಹೊಸ ಜಾಕೆಟ್ಟಿನಲ್ಲಿ ಇವನು. ಬೈಕಿನ ಪಕ್ಕ ಒಂದು ಖಾಲಿ ಪೆಟ್ರೋಲ್ ಕ್ಯಾನು ಕಟ್ಟಿದ್ದ. “ನೋಡ್ರೋ, ರೈಡಿಂಗ್ ಅಂದ್ರೆ ಸ್ಪೀಡಲ್ಲ, ಡಿಸಿಪ್ಲಿನ್ನು. ಖರ್ದುಂಗ್ ಲಾದಲ್ಲಿ ಸ್ನೋ ಬೀಳೋವಾಗ...” ಅನ್ನುತ್ತಿದ್ದ. ಐನೂರು ಕಿಲೋಮೀಟರಿಗೆ ಮಾಡಿಸಬೇಕಾದ ಮೊದಲ ಸರ್ವಿಸು ಅವನ ಗಾಡಿಗೆ ಇನ್ನೂ ಆಗಿರಲಿಲ್ಲ.