ಚೆಕ್ ಮಾಡಿಸ್ತೀನಿ ಸರ್

ಕಾರಿನ ಸರ್ವಿಸ್ ಸೆಂಟರಿನ ಮೇಲೆ ಸಿಟ್ಟಾಗಿ ಮನೆಗೆ ಬಂದವರು ಸಾಮಾನ್ಯವಾಗಿ ಹೇಳುವ ಮಾತು, 'ಕಸ್ಟಮರ್ ಅಂದ್ರೆ ಒಂಚೂರು ಮರ್ಯಾದೆ ಇಲ್ಲ ಅಲ್ಲಿ' ಎಂದು. ಇದು ಅಪ್ಪಟ ಸುಳ್ಳು. ಮರ್ಯಾದೆಗೆ ಅಲ್ಲಿ ಬರಗಾಲವೇ ಇಲ್ಲ. ಗೇಟಿನಲ್ಲಿ ಸೆಕ್ಯುರಿಟಿಯವನು ಸಲ್ಯೂಟ್ ಹೊಡೆಯುತ್ತಾನೆ. ಒಳಗೆ ಎಸಿ ಇದೆ, ಸೋಫಾ ಇದೆ, ಮಿಷನ್ ಕಾಫಿ ಇದೆ, ಮೂರು ತಿಂಗಳ ಹಿಂದಿನ ವಾರಪತ್ರಿಕೆಯೂ ಇದೆ. ಪ್ರತಿ ವಾಕ್ಯಕ್ಕೆ ಮುಂದೊಂದು 'ಸರ್', ಹಿಂದೊಂದು 'ಸರ್'. ಇಷ್ಟೆಲ್ಲ ಆದಮೇಲೂ ಯಾವ ಶಬ್ದಕ್ಕೆ ಹೆದರಿ ಗಾಡಿ ಬಿಟ್ಟಿದ್ದರೋ ಅದೇ ಶಬ್ದವನ್ನು ಕೇಳಿಸಿಕೊಳ್ಳುತ್ತ ವಾಪಸು ಬರುತ್ತಾರೆ. ತಾಲ್ಲೂಕು ಕಚೇರಿಯ ಗುಮಾಸ್ತ ತಲೆ ಎತ್ತಿ ನೋಡದಿದ್ದರೂ ಮನಸ್ಸು ಮಾಡಿದರೆ ಸಹಿ ಹಾಕಿ ಕಳಿಸಬಲ್ಲ. ಇಲ್ಲಿ ತಲೆ ಎತ್ತಿ, ಮುಗುಳ್ನಕ್ಕು, ಕೈಕುಲುಕುವವನಿಗೆ ಸಹಿ ಹಾಕುವ ಅಧಿಕಾರವೇ ಇಲ್ಲ. ನನ್ನ ವಾದ ಇಷ್ಟೇ: ಕಾರು ಕಂಪನಿಗಳ ಲೋಕದಲ್ಲಿ ವಿನಯವನ್ನು ಕೊಡುವುದು ಸೇವೆಯ ಬದಲಿಗೆ. ಅದನ್ನು ಹಂಚಲೆಂದೇ ನೇಮಕವಾದ ಆಸಾಮಿಗೆ ಸರ್ವಿಸ್ ಅಡ್ವೈಸರ್ ಎಂದು ಹೆಸರು.

ಬೆಂಗಳೂರಿನ ಹೊಸೂರು ರಸ್ತೆಯಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಯಾವ ಬ್ರ್ಯಾಂಡಿನ ಬೋರ್ಡಿನ ಕೆಳಗೇ ಇರಲಿ, ಅಡ್ವೈಸರ್ ಒಬ್ಬನೇ. ಇಪ್ಪತ್ತೈದರ ಆಸುಪಾಸಿನ ಪ್ರಾಯ, ಡಿಪ್ಲೊಮಾ ಓದು, ಎದೆಯ ಮೇಲೆ ಕಂಪನಿಯ ಲಾಂಛನವಿರುವ ಇಸ್ತ್ರಿ ಅಂಗಿ, ಕಂಕುಳಲ್ಲಿ ಟ್ಯಾಬ್, ಒಂದು ಕಿವಿಯಲ್ಲಿ ಬ್ಲೂಟೂತ್. ಕೈಗಳು ಮಾತ್ರ ಬ್ಯಾಂಕಿನವರ ಕೈಗಿಂತ ಶುಭ್ರ. ಬೆಳಿಗ್ಗೆ ಅವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹಳೆಯ ಗೀರುಗಳ ಫೋಟೋ ತೆಗೆಯುವ ಶ್ರದ್ಧೆಯನ್ನು ಗಮನಿಸಬೇಕು. ಬಂಪರಿನ ಮೂಲೆಯ ಕೂದಲೆಳೆಯಷ್ಟು ತೆಳುವಾದ ಗೆರೆಯೂ ತಪ್ಪಿಸಿಕೊಳ್ಳುವುದಿಲ್ಲ. ಆ ಗೀರು ತಮ್ಮದಲ್ಲ ಎಂದು ಸಾಬೀತಾಗಬೇಕಲ್ಲ! ಆಮೇಲೆ ನಿಮ್ಮ ದೂರು ಕೇಳುತ್ತಾನೆ. ನೀವು ಹೇಳುತ್ತೀರಿ: ಎಡಗಡೆ ಮುಂದಿನ ಚಕ್ರದ ಹತ್ತಿರ ಕಟಕಟ ಶಬ್ದ, ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಬರುವುದಿಲ್ಲ, ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ಹಂಪ್ ಇಳಿಯುವಾಗ ಬರುತ್ತದೆ, ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ದರೆ ಇನ್ನೂ ಜೋರು. ಪತ್ತೇದಾರಿ ಕಾದಂಬರಿಗೆ ಸಾಲುವಷ್ಟು ವಿವರ. ಅವನು ಗೋಣು ಹಾಕುತ್ತ ಟ್ಯಾಬಿನಲ್ಲಿ ಬರೆದುಕೊಳ್ಳುವುದು 'ಫ್ರಂಟ್ ನಾಯ್ಸ್, ಚೆಕ್' ಎಂದು. ಒಳಗೆ ಲಿಫ್ಟಿನ ಕೆಳಗೆ ನಿಂತ ಮೆಕ್ಯಾನಿಕ್‌ಗೆ ಮುಟ್ಟುವುದು ಅಷ್ಟೇ. ಅವನು ನಿಮ್ಮ ಮುಖ ನೋಡಿದವನಲ್ಲ, ನೋಡುವ ಹಾಗೂ ಇಲ್ಲ. ವರ್ಕ್‌ಶಾಪಿನ ಬಾಗಿಲಲ್ಲಿ 'ಗ್ರಾಹಕರಿಗೆ ಪ್ರವೇಶವಿಲ್ಲ' ಎಂಬ ಫಲಕ ಇದೆ. ಅವನು ಗಾಡಿಯನ್ನು ಅಂಗಳದಲ್ಲಿ ನಿಧಾನಕ್ಕೆ ಒಂದು ಸುತ್ತು ಹೊಡೆಸುತ್ತಾನೆ. ಅಂಗಳದಲ್ಲಿ ಹಂಪ್ ಇಲ್ಲ, ಶಬ್ದವೂ ಬರುವುದಿಲ್ಲ. ಜಾಬ್ ಕಾರ್ಡಿನಲ್ಲಿ 'ರೋಡ್ ಟೆಸ್ಟ್ ಓಕೆ' ಎಂದು ಬೀಳುತ್ತದೆ. ಇಡೀ ವ್ಯವಹಾರದಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಒರಟಾಗಿ ನಡೆದುಕೊಂಡಿಲ್ಲ ಎಂಬುದನ್ನು ಓದುಗರು ಮರೆಯಬಾರದು.

ದೂರು ಬರೆದುಕೊಳ್ಳುವಾಗ ಇಷ್ಟು ಮಿತಭಾಷಿಯಾದ ಮನುಷ್ಯನಿಗೆ ಎಸ್ಟಿಮೇಟ್ ಹಾಕುವಾಗ ಎಲ್ಲಿಲ್ಲದ ವಾಗ್ವಿಲಾಸ. ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿ ಡಿಸ್‌ಇನ್ಫೆಕ್ಷನ್, ಇಂಜಿನ್ ಫ್ಲಶ್, ಟೆಫ್ಲಾನ್ ಕೋಟಿಂಗ್, ಇಲಿ ಬಾರದ ಹಾಗೆ ಒಂದು ಸ್ಪ್ರೇ. ಮದುವೆಮನೆಯಲ್ಲಿ ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಹೋಳಿಗೆ ಬಡಿಸಿ ಮುಂದಕ್ಕೆ ಹೋಗುವವರ ಕೌಶಲ ಇವನದು. ನೀವು 'ಬೇಡ' ಅನ್ನುವಷ್ಟರಲ್ಲಿ ಬಿದ್ದಾಗಿರುತ್ತದೆ. ಫ್ರೀ ಸರ್ವಿಸ್ ಎಂದು ಬಂದವರಿಗೂ ತಪ್ಪಿದ್ದಲ್ಲ. ಅಲ್ಲಿ ಫ್ರೀ ಆಗಿರುವುದು ಕೂಲಿ ಮಾತ್ರ. ಆಯಿಲ್, ಫಿಲ್ಟರ್ ಮತ್ತು 'ಕನ್ಸ್ಯೂಮಬಲ್ಸ್' ಎಂಬ ನಿಗೂಢ ಬಾಬತ್ತಿಗೆ ದುಡ್ಡು ಕೊಡಲೇಬೇಕು. ಶಬ್ದದ ಜಾಡು ಹಿಡಿದು ಅರ್ಧ ದಿನ ಕಳೆಯುವ ಮೆಕ್ಯಾನಿಕ್‌ನಿಂದ ಡೀಲರಿಗೆ ಹುಟ್ಟುವುದು ಅಷ್ಟಕ್ಕಷ್ಟೇ. ಸ್ಪ್ರೇ ಹೊಡೆಯುವ ಹುಡುಗನಿಂದ ಕ್ಷಣಾರ್ಧದಲ್ಲಿ ಬಿಲ್ ಹುಟ್ಟುತ್ತದೆ. ಅಡ್ವೈಸರ್‌ಗೆ ತಿಂಗಳ ಟಾರ್ಗೆಟ್ ಇರುವುದು ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮಧ್ಯಾಹ್ನದ ಮೇಲೆ ಫೋನಿನ ಪರ್ವ. ಗಾಡಿ ಆಗ 'ವಾಟರ್ ವಾಶ್‌ಗೆ ಹೋಗಿದೆ'. ಸಂಜೆಗೆ 'ಫೈನಲ್ ಇನ್ಸ್‌ಪೆಕ್ಷನ್‌ನಲ್ಲಿದೆ'. ಆರು ಗಂಟೆಗೆ 'ಬನ್ನಿ ಸರ್, ನೀವು ಬರೋಷ್ಟರಲ್ಲಿ ರೆಡಿ'. ಹೋಗಿ ನಿಂತರೆ ಅದೇ ಗಾಡಿ ಅದೇ ಜಾಗದಲ್ಲಿ, ಬಾನೆಟ್ ತೆರೆದುಕೊಂಡು ನಿಂತಿರುತ್ತದೆ. 'ಪಾರ್ಟ್ ಬರಬೇಕು ಸರ್, ಆರ್ಡರ್ ಹಾಕಿದೀವಿ.' ಮತ್ತೊಂದು ಕಾಫಿ.

ಈ ವಿನಯ ಎಲ್ಲಿಂದ ಬಂತು ಎಂದು ನೋಡಿದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಕಾರು ಕೊಳ್ಳುವವನು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ. ಆಗ ಸಲಾಮು ಹೊಡೆಯಬೇಕಾದವನು ಕೊಳ್ಳುವವನೇ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರಿಸಿದರು. ಹತ್ತು ವರ್ಷದ ನಂತರ, 1993ರಲ್ಲಿ, ಕಾರು ತಯಾರಿಕೆಗೆ ಲೈಸೆನ್ಸು ಬೇಕಿಲ್ಲವೆಂದಾಯಿತು. ಹೊರದೇಶದ ಕಂಪನಿಗಳು ಒಂದರ ಹಿಂದೊಂದು ಬಂದವು. ಮಾರುವವರು ಹೆಚ್ಚಾದ ಮೇಲೆ ನಗು ಬಂತು. ಆದರೆ ಆ ಪೈಪೋಟಿ ಇದ್ದದ್ದು ಶೋರೂಮಿನ ಮುಂಬಾಗಿಲಿನಲ್ಲಿ. ಅಲ್ಲಿ ಹೊಸ ಗಾಡಿಗೆ ಕೆಂಪು ರೇಷ್ಮೆಯ ಮುಸುಕು, ಕೇಕು, ಹಾರ, ಚಕ್ರದಡಿ ನಿಂಬೆಹಣ್ಣು, ಕುಟುಂಬ ಸಮೇತ ಫೋಟೋ. ಹಿಂಬಾಗಿಲಿನ ವರ್ಕ್‌ಶಾಪಿಗೆ ಪೈಪೋಟಿ ಬರಲಿಲ್ಲ, ಬರಲು ಬಿಡಲೂ ಇಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಾರಣ, ಅಸಲಿ ಬಿಡಿಭಾಗ ಮತ್ತು ದೋಷ ಪತ್ತೆಹಚ್ಚುವ ಸಲಕರಣೆಗಳು ಹೊರಗಿನ ಗ್ಯಾರೇಜಿನವರಿಗೆ ಸಿಗದಂತೆ ಮಾಡಿದ್ದು. ದಂಡ ಆಮೇಲೆ ಮೇಲ್ಮನವಿಯ ದಾರಿ ಹಿಡಿಯಿತು, ಅದು ಬೇರೆ ಕತೆ. ಗಾಡಿ ಕೊಳ್ಳುವ ತನಕ ನೀವು ಹತ್ತು ಕಡೆ ಹೋಗಬಹುದು, ಕೊಂಡ ಮೇಲೆ ನಿಮಗೆ ಒಂದೇ ಬಾಗಿಲು ಎಂಬುದು ಆ ಆದೇಶದಿಂದ ಸ್ಪಷ್ಟವಾಗಿಯೇ ಹೊರಬಿತ್ತು. ಬೇರೆ ಕಡೆ ಹೋಗಲಾರದ ಗ್ರಾಹಕನಿಗೆ ಒಳ್ಳೆಯ ಕೆಲಸ ಮಾಡಿಕೊಡುವ ಅಗತ್ಯವೇನಿದೆ? ಅವನು ಕೂಗಾಡದಂತೆ ನೋಡಿಕೊಂಡರೆ ಸಾಕು. ಅದಕ್ಕೆ ಮೆಕ್ಯಾನಿಕ್‌ಗಿಂತ ಅಡ್ವೈಸರ್ ಅಗ್ಗ. ಮೊದಲ ಮಾರುತಿ ರಸ್ತೆಗಿಳಿದ 1983ರಲ್ಲೇ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರನ್ನೂ ಸಾಲ ವಸೂಲಿಗಾರರನ್ನೂ ಅಧ್ಯಯನ ಮಾಡಿ, ಸಂಬಳಕ್ಕಾಗಿ ಭಾವನೆಯನ್ನು ದುಡಿಸುವ ಕೆಲಸದ ಬಗ್ಗೆ ಪುಸ್ತಕ ಬರೆದಿದ್ದರು. ನಮ್ಮ ಅಡ್ವೈಸರ್ ಆಗಿನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಒಂದು ಅಧ್ಯಾಯವೇ ಅವನ ಪಾಲಿಗೆ ಬರುತ್ತಿತ್ತು.

ವಿನಯದ ನಿಜವಾದ ಉಪಯೋಗ ಗೊತ್ತಾಗುವುದು ಗಾಡಿ ಕೈಗೆ ಬಂದ ಮೇಲೆ. ಬಿಲ್ ಕಟ್ಟಿಸಿಕೊಂಡು ಕೀಲಿ ಕೊಡುವಾಗ ಅಡ್ವೈಸರ್ ದನಿ ತಗ್ಗಿಸುತ್ತಾನೆ. 'ಸರ್, ಕಂಪನಿಯಿಂದ ಒಂದು ಕಾಲ್ ಬರತ್ತೆ. ಹತ್ತಕ್ಕೆ ಹತ್ತು ಹೇಳ್ಬಿಡಿ ಸರ್. ಎಂಟು ಕೊಟ್ರೂ ನಂಗೆ ಇನ್ಸೆಂಟಿವ್ ಕಟ್ ಆಗತ್ತೆ.' ಇಡೀ ದಿನದಲ್ಲಿ ಅವನು ಮನಸ್ಸು ಬಿಚ್ಚಿ ಆಡಿದ ಮಾತು ಇದೊಂದೇ. ಎದುರಿಗಿರುವವನು ಯಾರದೋ ಮನೆಯ ಮಗ, ಮುಖ ಬಾಡಿದೆ, ಮಧ್ಯಾಹ್ನ ಊಟ ಮಾಡಿದ ಹಾಗೆ ಕಾಣುವುದಿಲ್ಲ. ನಮ್ಮ ಜನಕ್ಕೆ ಕರುಳು ಚುರ್ ಅನ್ನುತ್ತದೆ. ಎರಡು ದಿನದ ಮೇಲೆ ಕರೆ ಬಂದಾಗ, ಕಟಕಟ ಶಬ್ದದ ಹಿನ್ನೆಲೆಯಲ್ಲೇ, 'ಹತ್ತು' ಎನ್ನುತ್ತಾರೆ. ಆ ಹತ್ತು ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ವರದಿಗೆ, ವರದಿಯಿಂದ ಶೋರೂಮಿನ ಗೋಡೆಯ ಮೇಲಿನ ಪ್ರಶಸ್ತಿ ಫಲಕಕ್ಕೆ. ಗಾಡಿ ಸರಿಯಾಗಿಲ್ಲ ಎಂಬ ಸಂಗತಿ ಗಾಡಿಯ ಮಾಲೀಕನಿಗೆ ಗೊತ್ತು, ಅಡ್ವೈಸರ್‌ಗೆ ಗೊತ್ತು, ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಗೊತ್ತಿಲ್ಲದಿರುವುದು ಗಾಡಿ ತಯಾರಿಸಿದ ಕಂಪನಿಗೆ ಮಾತ್ರ. ಒರಟನೊಬ್ಬ ಕೌಂಟರಿನಲ್ಲಿದ್ದಿದ್ದರೆ ಸೊನ್ನೆ ಕೊಟ್ಟು, ಇ-ಮೇಲ್ ಬರೆದು, ನಾಲ್ಕು ಜನರನ್ನು ಸೇರಿಸಿ ಗಲಾಟೆ ಮಾಡುತ್ತಿದ್ದರು. ವಿನಯ ದೂರನ್ನು ಹುಟ್ಟುವ ಮೊದಲೇ ನುಂಗಿ ನೀರು ಕುಡಿಯಿತು.

ಇದಕ್ಕೆ ಆಕ್ಷೇಪಗಳಿವೆ. ಬಡಪಾಯಿ ಹುಡುಗನನ್ನು ಗೇಲಿ ಮಾಡುವುದರಲ್ಲಿ ಯಾವ ದೊಡ್ಡಸ್ತಿಕೆ ಎಂದು ಕೇಳಿದರೆ ಒಪ್ಪಲೇಬೇಕು. ಅವನ ಅಂಗಿಯ ಮೇಲಿರುವುದು ಕಂಪನಿಯ ಲಾಂಛನ, ಸಂಬಳ ಕೊಡುವವನು ಡೀಲರ್. ಇಬ್ಬರ ಬೈಗುಳವನ್ನೂ ಇಸ್ತ್ರಿ ಅಂಗಿಯಲ್ಲಿ ನಿಂತು ಕೇಳಬೇಕಾದವನು ಅವನು. ಡೀಲರ್ ಆದರೂ ಸುಖವಾಗಿದ್ದಾನೆಯೇ? ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ದೇಶದೊಳಗಿನ ತಯಾರಿಕೆ ಕೈಬಿಡುವುದಾಗಿ ಪ್ರಕಟಿಸಿತು. ಎರಡೂ ಸಲ ಸಾಲ ಮಾಡಿ ಗಾಜಿನ ಶೋರೂಮು ಕಟ್ಟಿದ್ದ ಡೀಲರುಗಳು ನಡುನೀರಿನಲ್ಲಿ ನಿಂತರು. ಹೊಸ ಕಾರಿನಲ್ಲಿ ಲಾಭ ತೆಳುವಾದಾಗ ಅವರು ಇನ್ಶೂರೆನ್ಸು, ಆಕ್ಸೆಸರಿ, ಸರ್ವಿಸುಗಳಲ್ಲಿ ಹಿಂಡುತ್ತಾರೆ. ಆದರೆ ಈ ಸಮರ್ಥನೆಯಿಂದ ನನ್ನ ವಾದ ಬೀಳುವುದಿಲ್ಲ, ಇನ್ನೂ ಬಲಿಯುತ್ತದೆ. ಅಡ್ವೈಸರ್ ಫ್ಲೋರ್ ಸೂಪರ್‌ವೈಸರನ ಪರವಾಗಿ ಕ್ಷಮೆ ಕೇಳುತ್ತಾನೆ, ಸೂಪರ್‌ವೈಸರ್ ಪಾರ್ಟ್ಸ್ ವಿಭಾಗದ ಪರವಾಗಿ, ಡೀಲರ್ ಕಂಪನಿಯ ಪರವಾಗಿ. ತಪ್ಪು ಮಾಡಿದವನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ 'ಸಾರಿ' ಹೇಳಿ ಮುಗಿಸುತ್ತಾರೆ.

ಗ್ರಾಹಕರೇನು ಸಾಚಾಗಳೇ ಎಂಬುದು ಮತ್ತೊಂದು ಆಕ್ಷೇಪ. ಅಲ್ಲವೇ ಅಲ್ಲ. ವಾರವೆಲ್ಲ ಬಿಟ್ಟು ಶನಿವಾರವೇ ಬರುತ್ತಾರೆ, ಹೋದ ವರ್ಷದ ತಗ್ಗನ್ನು ಈ ವರ್ಷದ ಕ್ಲೇಮಿನಲ್ಲಿ ಸೇರಿಸು ಎನ್ನುತ್ತಾರೆ, ವಾಶ್ ಸರಿಯಿಲ್ಲವೆಂದು ಡಿಸ್ಕೌಂಟ್ ಕೇಳುತ್ತಾರೆ. ಹಾಗೆಂದು ಅಡ್ವೈಸರ್ ಅವರಿಗೆ 'ಆಗಲ್ಲ' ಎಂದು ಹೇಳಿದ್ದನ್ನು ಕಂಡವರುಂಟೇ? ಅದಕ್ಕೂ 'ಚೆಕ್ ಮಾಡಿಸ್ತೀನಿ ಸರ್' ಎಂಬುದೇ ಉತ್ತರ.

ಹೊರಗಿನ ಗ್ಯಾರೇಜಿಗೆ ಹೋಗಬಾರದೇ ಎನ್ನುವವರ ಮಾತಿನಲ್ಲಿ ಹೆಚ್ಚು ತೂಕವಿದೆ. ಬಡಾವಣೆಯ ಮೂಲೆಯ ಗ್ಯಾರೇಜಿನವನು ಕೂರಲು ಹಳೇ ಟೈರು ತೋರಿಸುತ್ತಾನೆ, 'ಏನ್ ಸಾರ್ ಹಿಂಗಾ ಗಾಡಿ ಇಟ್ಕೊಳ್ಳೋದು' ಎಂದು ಬೈಯುತ್ತಾನೆ, ಆಮೇಲೆ ಪಕ್ಕದ ಸೀಟಿನಲ್ಲಿ ನಿಮ್ಮನ್ನೇ ಕೂರಿಸಿಕೊಂಡು ಆ ಹಂಪಿನ ಮೇಲೇ ಗಾಡಿ ಹತ್ತಿಸುತ್ತಾನೆ. ಕೇಳಿಸಿಕೊಂಡ ಕಿವಿ, ಸ್ಪ್ಯಾನರ್ ಹಿಡಿಯುವ ಕೈ ಎರಡೂ ಒಬ್ಬನದೇ. ಅವನೂ ಮೋಸ ಮಾಡಬಹುದು, ಆದರೆ ಮೋಸ ಮಾಡಿದವನು ಯಾರೆಂದು ಹುಡುಕಬೇಕಾಗಿಲ್ಲ. ತೊಡಕಿರುವುದು ವಾರಂಟಿಯಲ್ಲಿ. ಅದು ಮುಗಿಯುವ ತನಕ ಹೊರಗೆ ಬಿಚ್ಚಿಸಿದ ಭಾಗದ ಮೇಲೆ ತಕರಾರು ಬರುವ ಭಯ ಸುಳ್ಳಲ್ಲ. ಅಡ್ವೈಸರ್ ಆ ಭಯವನ್ನು ವಾರಂಟಿ ಮುಗಿದ ಮೇಲೂ ಬಾಡದಂತೆ ನೀರೆರೆದು ಸಾಕುತ್ತಾನೆ. ಎಕ್ಸ್‌ಟೆಂಡೆಡ್ ವಾರಂಟಿ ಮಾರುವುದೂ ಅವನ ಟಾರ್ಗೆಟ್ಟಿನಲ್ಲಿದೆ ತಾನೆ.

ಹಾಗಾದರೆ ಮಾಡುವುದೇನು? ಜಗಳ ಬೇಡ, ವಿನಯವಂತನೆದುರು ಜಗಳವಾಡಿದರೆ ಹಾಲಿನಲ್ಲಿ ಕೂತವರೆಲ್ಲ ನಿಮ್ಮನ್ನೇ ದುರುಗುಟ್ಟಿ ನೋಡುತ್ತಾರೆ. ಬರವಣಿಗೆ ಒಳ್ಳೆಯದು. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರು ನಿಮ್ಮದೇ ಮಾತಿನಲ್ಲಿ, ಹಂಪಿನ ಸಮೇತ, ದಾಖಲಾಗುವವರೆಗೆ ಸಹಿ ಹಾಕಬೇಡಿ. ಬೇಡದ ಬಾಬತ್ತನ್ನು ಎಸ್ಟಿಮೇಟಿನಲ್ಲೇ ಹೊಡೆದುಹಾಕಿಸಿ. ಬದಲಾಯಿಸಿದ ಹಳೆಯ ಭಾಗ ಕೇಳಿ ಪಡೆಯಿರಿ. ಫೋನಿನಲ್ಲಿ ಕೊಟ್ಟ ಭರವಸೆಯನ್ನು ಇ-ಮೇಲಿನಲ್ಲಿ ಕೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆಗೆ ಪರಿಹಾರ ಕೇಳುವ ಹಕ್ಕು ಕೊಟ್ಟಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು, ಸೇವೆಗೆ ತೆತ್ತ ಹಣ ಐದು ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ಆಯೋಗ ನೋಡುವುದು ಕಾಗದವನ್ನು. ಕಾಫಿ ಎಷ್ಟು ಸಲ ಬಂತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಇನ್ನು ಆ ಹತ್ತು ಅಂಕದ ಕರೆ ಬಂದಾಗ, ಹುಡುಗನ ನಡತೆಗೆ ಹತ್ತಕ್ಕೆ ಹತ್ತು ಧಾರಾಳವಾಗಿ ಕೊಡಿ. ಗಾಡಿಯ ಕೆಲಸಕ್ಕೆ ಎಷ್ಟು ಎಂದು ಕೇಳಿದರೆ ಕಾರಣ ಹೇಳಿ, ಸಲ್ಲಬೇಕಾದ್ದನ್ನಷ್ಟೇ ಕೊಡಿ. ಕೇಳದಿದ್ದರೆ ನೀವಾಗಿಯೇ ಹೇಳಿ.