ಆಕಾಶದಲ್ಲಿ ಜೊತೆಗಾರರು ಬೇಕಾಗಿದ್ದಾರೆ

ಸ್ಕೈಡೈವಿಂಗ್‌ನಲ್ಲಿ ಮೊದಲ ಜಿಗಿತಕ್ಕೆ ಜೊತೆಗಾರರ ಬರವಿಲ್ಲ. ಟ್ಯಾಂಡೆಮ್ ಜಿಗಿತದಲ್ಲಿ ಬೋಧಕ ಗಿರಾಕಿಯ ಬೆನ್ನಿಗೇ ಬಿಗಿದುಕೊಂಡಿರುತ್ತಾನೆ. ಮುಂದಿನ ತರಬೇತಿಯ ಮೊದಮೊದಲಲ್ಲಿ ಎಡಕ್ಕೊಬ್ಬರು ಬಲಕ್ಕೊಬ್ಬರು ಬೋಧಕರು ಶಿಷ್ಯನನ್ನು ಹಿಡಿದುಕೊಂಡೇ ವಿಮಾನದಿಂದ ಹೊರಬೀಳುತ್ತಾರೆ. ಇವರೆಲ್ಲ ಶುಲ್ಕ ಕೊಟ್ಟು ಪಡೆದ ಸಂಗಾತಿಗಳು. ಅಮೆರಿಕದಲ್ಲಿ ಯುನೈಟೆಡ್ ಸ್ಟೇಟ್ಸ್ ಪ್ಯಾರಾಶೂಟ್ ಅಸೋಸಿಯೇಷನ್ ಕೊಡುವ ‘ಎ’ ಲೈಸೆನ್ಸಿಗೆ ಕನಿಷ್ಠ 25 ಜಿಗಿತ ಆಗಿರಬೇಕು. ಅದು ಕೈಗೆ ಬಂದ ದಿನ ಹೊಸ ಲೈಸೆನ್ಸುದಾರರ ಹಣೆಗೆ ರಬ್ಬರ್ ಸ್ಟ್ಯಾಂಪ್ ಒತ್ತುವ ರೂಢಿ ಅನೇಕ ಕಡೆ ಇದೆ. ಬ್ರಹ್ಮ ಬರೆದದ್ದು ಸಾಲದೆಂದು ಮೇಲೊಂದು ಸೀಲು. ಮರುದಿನ ಬೋಧಕರು ಬೇರೆ ಶಿಷ್ಯರ ಹಿಂದೆ ಹೋಗಿರುತ್ತಾರೆ. ಸೀಲು ಬಿದ್ದವರು ಮಾತ್ರ ಬಾಡಿಗೆ ಪ್ಯಾರಾಶೂಟನ್ನು ಬೆನ್ನಿಗೇರಿಸಿಕೊಂಡು, ‘ನನ್ನ ಜೊತೆ ಯಾರಾದರೂ ಧುಮುಕುತ್ತೀರಾ?’ ಎಂದು ಕೇಳಲು ಬಾಯಿ ಬರದೆ ಹ್ಯಾಂಗರಿನ ಬಾಗಿಲಲ್ಲಿ ನಿಂತಿರುತ್ತಾರೆ. ವಿಮಾನದ ಬಾಗಿಲಲ್ಲಿ ನಿಲ್ಲುವುದೇ ಇದಕ್ಕಿಂತ ಸುಲಭ. ಅಲ್ಲಿ ಯಾರನ್ನೂ ಮಾತಾಡಿಸಬೇಕಾಗಿಲ್ಲ.

ಹಳಬರು ಹೊಸಬರನ್ನು ಕಂಡು ಮುಖ ತಿರುಗಿಸುವುದಕ್ಕೆ ಜಂಬವೊಂದೇ ಕಾರಣವಲ್ಲ. ಸುಮಾರು 13,000 ಅಡಿಯಿಂದ ಬಿದ್ದವರಿಗೆ ಪ್ಯಾರಾಶೂಟ್ ಬಿಚ್ಚುವ ಮೊದಲು ಒಂದು ನಿಮಿಷದಷ್ಟು ಕಾಲ ಸಿಗುತ್ತದೆ. ಹೊಟ್ಟೆ ಕೆಳಗಾಗಿ ಬೀಳುವವರ ವೇಗ ಗಂಟೆಗೆ 190 ಕಿಲೋಮೀಟರಿನ ಆಸುಪಾಸು. ಆದರೆ ಒಟ್ಟಿಗೆ ಬೀಳುವವರಿಗೆ ಆ ವೇಗ ಲೆಕ್ಕಕ್ಕಿಲ್ಲ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸವೇ ಲೆಕ್ಕ. ಭಾರದ ಆಳು ಬೇಗ ಬೀಳುತ್ತಾನೆ, ಸಣಕಲ ನಿಧಾನ. ಇದನ್ನು ಸರಿದೂಗಿಸಲು ದಪ್ಪಗಿರುವವರು ಗಾಳಿ ಹಿಡಿಯುವ ಜೋಲು ಉಡುಪು ತೊಟ್ಟರೆ, ತೆಳ್ಳಗಿರುವವರು ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಳ್ಳುತ್ತಾರೆ. ಹೊಸಬರಿಗೆ ಇದೆಲ್ಲ ಇನ್ನೂ ಕೈಗೆ ಹತ್ತಿರುವುದಿಲ್ಲ. ಎದುರಿಗಿರುವವರ ಕೈ ಹಿಡಿಯೋಣವೆಂದು ಆಸೆಯಿಂದ ಕೈ ಚಾಚುತ್ತಾರೆ. ಚಾಚಿದ ಕೈಗೆ ಗಾಳಿ ತಗುಲಿ ದೇಹ ಹಿಂದಕ್ಕೆ ಸರಿಯುತ್ತದೆ. ಇನ್ನಷ್ಟು ಚಾಚಿದರೆ ಇನ್ನಷ್ಟು ದೂರ. ಮುಂದೆ ಹೋಗಬೇಕಾದರೆ ಕಾಲು ನೀಡಬೇಕೆಂದು ನೆನಪಾದ ಕೂಡಲೇ ಎರಡೂ ಕಾಲನ್ನು ಪೂರ್ತಿ ನೀಡಿ, ಬ್ರೇಕಿಲ್ಲದೆ ಬಂದು ಗುದ್ದುತ್ತಾರೆ. ಗುದ್ದದಿದ್ದರೆ ತಂಡಕ್ಕಿಂತ ಕೆಳಗೆ ಇಳಿದುಬಿಡುತ್ತಾರೆ. ಅಲ್ಲಿಂದ ಮೇಲಿನವರ ಹೊಟ್ಟೆಗಳನ್ನು ನೋಡುತ್ತ ಉಳಿದ ನಿಮಿಷ ಕಳೆಯಬೇಕು, ಏರಲು ಮೆಟ್ಟಿಲಿಲ್ಲ. 2006ರಲ್ಲಿ ಥಾಯ್ಲೆಂಡಿನ ಉದೋನ್ ಥಾನಿಯಲ್ಲಿ 400 ಜನ ಆಕಾಶದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ದಾಖಲೆ ಮಾಡಿದರು. ಹೊಸಬರಿಗೆ ಮತ್ತೊಬ್ಬರನ್ನು ಹಿಡಿಯುವುದೇ ದಾಖಲೆ. ತಾಳ್ಮೆಯುಳ್ಳ ಹಳಬರು ಹೊಸಬರನ್ನು ಇಬ್ಬರು ಮೂವರ ಗುಂಪಿಗಿಂತ ದೊಡ್ಡದಕ್ಕೆ ಸೇರಿಸದಿರುವುದು ಈ ಕಾರಣಕ್ಕೆ, ಅಸಡ್ಡೆಯಿಂದಲ್ಲ.

ಧುಮುಕುವ ಜಾಗಕ್ಕೆ ಎಲ್ಲ ಕಡೆಯೂ ಡ್ರಾಪ್‌ಜೋನ್ ಎಂದೇ ಹೆಸರು. ಅದರಲ್ಲಿ ಎರಡು ಜಾತಿ. ಒಂದು, ಜೋಳದ ಹೊಲದ ಪಕ್ಕದ ಪುಟ್ಟ ರನ್‌ವೇಯಲ್ಲಿ ಒಂದೇ ಒಂದು ಸೆಸ್ನಾ 182 ಇಟ್ಟುಕೊಂಡ ಕ್ಲಬ್ಬು. ಪೈಲಟನ್ನು ಬಿಟ್ಟು ನಾಲ್ವರು, ಸೀಟು ಕಿತ್ತ ನೆಲದ ಮೇಲೆ ಒಬ್ಬರ ಮಂಡಿ ಇನ್ನೊಬ್ಬರ ಪಕ್ಕೆಗೆ ಒತ್ತಿಕೊಂಡು ಕೂರಬೇಕು. ವಿಮಾನ ಏದುಸಿರು ಬಿಡುತ್ತ ಮೇಲೇರುವಷ್ಟರಲ್ಲಿ ಪಕ್ಕದವರ ಸಂಸಾರ, ಸಾಲ, ಮಂಡಿನೋವು ಎಲ್ಲ ತಿಳಿದಿರುತ್ತದೆ. ಇಂಥಲ್ಲಿ ಹೊಸಬರು ಒಂಟಿಯಾಗಿ ಉಳಿಯುವುದು ಕಷ್ಟ, ಏಕೆಂದರೆ ನಾಲ್ಕನೆಯವರು ಬಾರದೆ ವಿಮಾನ ಹೊರಡುವುದಿಲ್ಲ. ಅವರನ್ನು ಪ್ರೀತಿಯಿಂದ ಕಾಣುವುದರಲ್ಲಿ ಪೆಟ್ರೋಲಿನ ಲೆಕ್ಕಾಚಾರವೂ ಇದೆ.

ಎರಡನೆಯದು ದೊಡ್ಡ ಡ್ರಾಪ್‌ಜೋನ್. ಅರಿಜೋನಾದ ಈಲಾಯ್, ಕ್ಯಾಲಿಫೋರ್ನಿಯಾದ ಪೆರಿಸ್, ಫ್ಲಾರಿಡಾದ ಡಿಲ್ಯಾಂಡ್ ಈ ಜಾತಿಯವು. ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೊತ್ತು ಕಾಲು ಗಂಟೆಯ ಆಸುಪಾಸಿನಲ್ಲಿ ಮೇಲಕ್ಕೆ ಮುಟ್ಟಿಸುವ ಟ್ವಿನ್ ಆಟರ್ ವಿಮಾನಗಳು ಒಂದರ ಹಿಂದೊಂದು ಹೊರಡುತ್ತವೆ. ಪೆರಿಸ್‌ನವರಂತೂ ಧುಮುಕಲೆಂದೇ ಒಂದು ಡಿಸಿ-9 ಜೆಟ್ ಇಟ್ಟುಕೊಂಡ ಖ್ಯಾತಿಯವರು. ಉತ್ತರದ ರಾಜ್ಯಗಳಲ್ಲಿ ಹಿಮ ಬಿದ್ದು ಡ್ರಾಪ್‌ಜೋನ್‌ಗಳು ಬಾಗಿಲು ಹಾಕಿದಾಗ ಅಲ್ಲಿನವರೂ ಈ ಬಿಸಿಲೂರುಗಳಿಗೆ ವಲಸೆ ಬರುತ್ತಾರೆ. ಇಲ್ಲಿ ಹೊಸಬರಿಗೆ ಅಪಾಯವೆಂದರೆ ಕಣ್ಣಿಗೆ ಬೀಳದೆ ಹೋಗುವುದು. ದಿನವಿಡೀ ಸಾವಿರಾರು ಜಿಗಿತದ ಸರದಾರರು ಹೆಲ್ಮೆಟ್ ಬಗಲಿಗಿಟ್ಟು ಅಡ್ಡಾಡುತ್ತಿರುತ್ತಾರೆ. ಅವರಲ್ಲಿ ನೆಲದವರೊಡನೆ ಮಾತಾಡದ ಕೆಲವರಿಗೆ ಅಲ್ಲಿಯವರೇ ‘ಸ್ಕೈಗಾಡ್’ ಎಂಬ ಬಿರುದು ಕೊಟ್ಟಿದ್ದಾರೆ. ಎಲ್ಲ ದೇವರಂತೆ ಇವರೂ ಪ್ರಾರ್ಥಿಸಿದರೆ ಒಲಿಯುವುದುಂಟು, ಆದರೆ ಪ್ರಾರ್ಥನೆಗೆ ಸರಿಯಾದ ಸಮಯ ಸಂಜೆ.

ದೊಡ್ಡ ಜಾಗಗಳಿಗೂ ಈ ಕೊರತೆ ಗೊತ್ತಿದೆ. ಅದಕ್ಕೇ ಅವು ಲೋಡ್ ಆರ್ಗನೈಸರ್ ಎಂಬವರನ್ನು ಇಟ್ಟುಕೊಂಡಿರುತ್ತವೆ. ಒಂಟಿಯಾಗಿ ಬಂದವರನ್ನು ಅಳೆದು ತೂಗಿ, ಸಮಸಮ ಅನುಭವದವರನ್ನು ಜೋಡಿಸಿ, ನೆಲದ ಮೇಲೆ ಒಮ್ಮೆ ಆಡಿಸಿ ನೋಡಿ ವಿಮಾನ ಹತ್ತಿಸುವುದು ಅವರ ಕೆಲಸ. ಮದುವೆ ದಲ್ಲಾಳಿಯ ಕಸುಬೇ ಇದು, ಜಾತಕದ ಬದಲು ಲಾಗ್‌ಬುಕ್ ನೋಡುತ್ತಾರೆ ಅಷ್ಟೆ. ಹೊಸ ಜಾಗಕ್ಕೆ ಹೋದವರು ಮ್ಯಾನಿಫೆಸ್ಟ್ ಎಂಬ ಕಿಟಕಿಯಲ್ಲಿ ಹೆಸರು ಬರೆಸುವಾಗಲೇ ‘ಈವತ್ತು ಹೊಸಬರಿಗೆ ಆರ್ಗನೈಸರ್ ಯಾರು?’ ಎಂದು ಕೇಳಬೇಕು. ಒಳ್ಳೆಯ ಡ್ರಾಪ್‌ಜೋನಿನಲ್ಲಿ ಕಿಟಕಿಯವರು ಒಂದು ಹೆಸರು ಹೇಳುವುದಷ್ಟೇ ಅಲ್ಲ, ತಲೆ ಹೊರಹಾಕಿ ಆ ಮನುಷ್ಯನನ್ನೇ ಕೂಗಿ ಕರೆಯುತ್ತಾರೆ. ಬೋರ್ಡಿನ ಕಡೆ ಕೈ ತೋರಿಸಿ ಮತ್ತೆ ಕಂಪ್ಯೂಟರಿಗೆ ತಿರುಗಿದರೆ ಆ ಜಾಗದ ಗುಣ ಅರ್ಧ ತಿಳಿದಂತೆ.

ಉಳಿದರ್ಧ ತಿಳಿಯುವುದು ಪ್ಯಾಕಿಂಗ್ ನೆಲಹಾಸಿನ ಮೇಲೆ. ಪ್ಯಾರಾಶೂಟನ್ನು ಮಡಿಸಿ ಚೀಲಕ್ಕೆ ಸೇರಿಸುವ ಕೆಲಸವನ್ನು ಪಳಗಿದವರು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಹೊಸಬರು ಗಾಳಿಯಾಡದ ಆ ಜಾರು ನೈಲಾನಿನ ಮೇಲೆ ಮಂಡಿಯೂರಿ, ಎದೆಯೊತ್ತಿ, ಕೊನೆಗೆ ಉದ್ದಕ್ಕೆ ಮಲಗಿಯೇ ಬಿಡುತ್ತಾರೆ. ಎಡಮೂಲೆ ಒಳಸೇರಿತೆನ್ನುವಾಗ ಬಲಮೂಲೆ ಮೆಲ್ಲಗೆ ಹೊರಗಿಣುಕುತ್ತದೆ. ಬೆವರು ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿರುವಾಗ ಯಾರಾದರೂ ಬಂದು, ಕೇಳದೆಯೇ ಆ ಮೂಲೆಗೊಂದು ಮಂಡಿ ಕೊಟ್ಟರೆ ಅಲ್ಲಿ ಮತ್ತೊಂದು ಶನಿವಾರ ಕಳೆಯಬಹುದು. ಅದೇ ರೀತಿ, ಗಾಳಿಯ ಲೆಕ್ಕ ತಪ್ಪಿ ದೂರದ ಹೊಲದಲ್ಲಿ ಇಳಿದವರನ್ನು ಕರೆತರಲು ಹಳೆಯ ವ್ಯಾನೊಂದು ಎಷ್ಟು ಬೇಗ ಹೊರಡುತ್ತದೆ ಎಂಬುದನ್ನೂ ನೋಡಬೇಕು. ವ್ಯಾನಿನಲ್ಲಿ ಬಂದವರು ನಕ್ಕೇ ನಗುತ್ತಾರೆ, ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು.

ಬಳಗಕ್ಕೆ ಸೇರಿಸಿಕೊಳ್ಳುವ ಸಂಸ್ಕಾರಗಳೂ ಇವೆ. ಯಾವುದನ್ನಾದರೂ ಮೊದಲ ಬಾರಿ ಮಾಡಿದವರು ಎಲ್ಲರಿಗೂ ಬಿಯರ್ ತರಬೇಕೆಂಬುದು ಪುರಾತನ ಕಾನೂನು. ಮೊದಲ ಒಂಟಿ ಜಿಗಿತ, ಮೊದಲ ಸ್ವಂತ ಪ್ಯಾರಾಶೂಟ್ ಎಲ್ಲಕ್ಕೂ ದಂಡ ಒಂದೇ. ಜಾಣರು ‘ಫಸ್ಟ್’ ಎಂಬ ಶಬ್ದವನ್ನೇ ಬಾಯಿಗೆ ತರುವುದಿಲ್ಲ. ಕೊನೆಯ ವಿಮಾನದವರು ನೆಲ ಮುಟ್ಟಿದ ಮೇಲಷ್ಟೇ ಬಾಟಲಿಯ ಮುಚ್ಚಳ ತೆಗೆಯುವುದು. ವಾರವಿಡೀ ಕಂಪ್ಯೂಟರ್ ಕುಟ್ಟಿ, ಊರಿನಲ್ಲಿರುವ ಅಮ್ಮನಿಗೆ ಹೈಕಿಂಗ್ ಎಂದು ಹೇಳಿ ಬರುವ ಕ್ಯಾಲಿಫೋರ್ನಿಯಾದ ಕನ್ನಡಿಗ ಹುಡುಗ ಬಿಯರ್ ಮುಟ್ಟದವನಾದರೂ ತರುವುದು ತಪ್ಪುವುದಿಲ್ಲ. ಕುಡಿಯದವನು ತಂದ ಬಿಯರ್ ಹೆಚ್ಚು ಜನಕ್ಕೆ ಸಾಕಾಗುತ್ತದೆಂಬ ಕಾರಣಕ್ಕೆ ಅವನಿಗೆ ಮರ್ಯಾದೆ ಹೆಚ್ಚೇ. ನೂರನೆಯ ಜಿಗಿತ ಮುಗಿಸಿ ಇಳಿದವರ ಮುಖಕ್ಕೆ ಕೆನೆ ತುಂಬಿದ ತಟ್ಟೆ ಅಪ್ಪಳಿಸುವುದು ಇನ್ನೊಂದು ಪದ್ಧತಿ. ಮುಖ ಒರೆಸಲು ಬಟ್ಟೆ ತಂದುಕೊಟ್ಟವರ ಬಗಲಲ್ಲೂ ಇನ್ನೊಂದು ತಟ್ಟೆ ಇರಬಹುದೆಂಬ ಎಚ್ಚರ ಒಳ್ಳೆಯದು.

ಅವರವರಿಗೆ ತಕ್ಕ ಒಳಬಳಗಗಳೂ ಉಂಟು. ಈ ಆಟದಲ್ಲಿ ಹೆಂಗಸರ ಸಂಖ್ಯೆ ಬಹಳ ಕಡಿಮೆ. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಹಳಬರ ಜೊತೆ ಸಿಗಲೆಂದು ಅಸೋಸಿಯೇಷನ್ ‘ಸಿಸ್ಟರ್ಸ್ ಇನ್ ಸ್ಕೈಡೈವಿಂಗ್’ ಎಂಬ ಕಾರ್ಯಕ್ರಮ ನಡೆಸುತ್ತದೆ. ನಲವತ್ತು ದಾಟಿದವರಿಗೆ ‘ಪಾಪ್ಸ್’ ಎಂಬ ಸಂಘವಿದೆ. ಅರವತ್ತು ದಾಟಿದರೆ ಇನ್ನೊಂದಕ್ಕೆ ಬಡ್ತಿ. ಧುಮುಕುವವರ ಜಾತ್ರೆಗೆ ಬೂಗಿ ಎಂದು ಹೆಸರು. ಹಗಲು ಹೊಸ ಹೊಸ ವಿಮಾನ, ರಾತ್ರಿ ಡೇರೆ, ಬೆಂಕಿಯ ಸುತ್ತ ಹರಟೆ. ಹೊಸಬರು ಅಲ್ಲಿಗೆ ಹರಟೆಗೆಂದೇ ಹೋದರೂ ನಷ್ಟವಿಲ್ಲ. ಆಕಾಶದಲ್ಲಿ ಗಂಟೆಗಟ್ಟಲೆ ಜನಸಂದಣಿ ಇರುವಲ್ಲಿ ಲೈಸೆನ್ಸಿನ ಶಾಯಿ ಆರದವರು ಒಂದೆರಡು ಸಲ ಧುಮುಕಿ ಸುಮ್ಮನಾಗುವುದು ವಾಸಿ.

ಅತಿಯಾಗಿ ಆದರಿಸುವವರ ವಿಷಯದಲ್ಲೇ ಹೆಚ್ಚು ಜಾಗ್ರತೆ ಬೇಕು. ಮೂವತ್ತು ಜಿಗಿತದವರನ್ನು ಹತ್ತು ಜನರ ಗುಂಪಿಗೆ ಎಳೆದುಕೊಳ್ಳುವವರು, ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸಿಕೊಳ್ಳಲು ಹುರಿದುಂಬಿಸುವವರು, ‘ಈ ಚಿಕ್ಕ ಪ್ಯಾರಾಶೂಟ್ ಹಾರಿಸಿ ನೋಡು, ಮಜಾ ಇದೆ’ ಎನ್ನುವವರು ಎಲ್ಲ ಕಡೆಯೂ ಸಿಗುತ್ತಾರೆ. ಕ್ಯಾಮೆರಾಗೂ ರೆಕ್ಕೆಯುಡುಪಿಗೂ 200 ಜಿಗಿತವಾದರೂ ಆಗಿರಲಿ ಎನ್ನುವುದು ಅಸೋಸಿಯೇಷನ್ನಿನ ನಿಲುವು. ಮುಖ್ಯ ಪ್ಯಾರಾಶೂಟ್ ಕೆಟ್ಟರೆ ಕ್ಷಣದಲ್ಲಿ ಕಳಚುವ ಮೂರು ಬಳೆಗಳ ಉಪಾಯ ಕಂಡುಹಿಡಿದ ಬಿಲ್ ಬೂತ್, ಸಲಕರಣೆ ಭದ್ರವಾದಷ್ಟೂ ಜನ ಅಷ್ಟೇ ಹೊಸ ಅಪಾಯ ಹುಡುಕಿಕೊಳ್ಳುತ್ತಾರೆಂದು ಹೇಳಿದ್ದು ಈ ಲೋಕದಲ್ಲಿ ಗಾದೆಯೇ ಆಗಿದೆ. ಅಂಕಿಅಂಶ ಆ ಮಾತನ್ನು ಪೂರ್ತಿ ಒಪ್ಪುವುದಿಲ್ಲ: ಅಮೆರಿಕದಲ್ಲಿ 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಸಾವುಗಳಾಗುತ್ತಿದ್ದವು, 2021ರಲ್ಲಿ ಆದದ್ದು 10. ಆದರೂ ಈಗಿನ ಸಾವುಗಳಲ್ಲಿ ಒಂದು ದೊಡ್ಡ ಪಾಲು ಸರಿಯಾಗಿ ಬಿಚ್ಚಿಕೊಂಡ ಪ್ಯಾರಾಶೂಟಿನ ಕೆಳಗೇ, ನೆಲಕ್ಕೆ ಹತ್ತಿರದಲ್ಲಿ ಲೆಕ್ಕ ತಪ್ಪಿದ್ದರಿಂದ ಆದದ್ದು. ಹಾಗಾಗಿ ‘ಈಗ ಬೇಡ, ಇನ್ನೂ ಐವತ್ತು ಆಗಲಿ’ ಎಂದು ಮುಖದ ಮೇಲೆ ಹೇಳಿ, ಆಮೇಲೆ ತಾವೇ ಬಂದು ಸರಳವಾದ ಜಿಗಿತವೊಂದನ್ನು ಜೊತೆಯಾಗಿ ಮಾಡುವವರು ಸಿಕ್ಕರೆ ಅವರನ್ನು ಬಿಡಬಾರದು. ಎಷ್ಟು ಜಿಗಿತ ಆಗಿದೆ ಎಂದು ಅವರು ಕೇಳಿದಾಗ ಸುಳ್ಳು ಹೇಳುವುದೂ ಸಲ್ಲ. ವಿಮಾನ ಬಿಟ್ಟ ಮೂರನೇ ಸೆಕೆಂಡಿಗೆ ಗುಟ್ಟು ರಟ್ಟಾಗುತ್ತದೆ.

ಹೊಸ ಜಾಗಕ್ಕೆ ಹೋಗುವಾಗ ಚೀಲದಲ್ಲಿ ಇರಬೇಕಾದದ್ದು ಸದಸ್ಯತ್ವದ ಕಾರ್ಡು, ಲೈಸೆನ್ಸು, ಲಾಗ್‌ಬುಕ್. ಸ್ವಂತ ಪ್ಯಾರಾಶೂಟಿದ್ದರೆ ಅದರ ಜೊತೆಗಿನ ಮೀಸಲು ಪ್ಯಾರಾಶೂಟನ್ನು ರಿಗ್ಗರ್ ಎಂಬ ಪರವಾನಗಿ ಪಡೆದ ಕುಶಲಕರ್ಮಿ ಕಳೆದ 180 ದಿನಗಳೊಳಗೆ ಮಡಿಸಿಟ್ಟ ದಾಖಲೆಯೂ ಬೇಕು. ‘ಎ’ ಲೈಸೆನ್ಸಿನವರು 60 ದಿನ ಧುಮುಕದೆ ಇದ್ದರೆ ಮತ್ತೆ ಬೋಧಕರ ಜೊತೆ ಒಂದು ಜಿಗಿತ ಮಾಡಿ ತೋರಿಸಬೇಕಾಗುತ್ತದೆ. ಕಾಗದಗಳೆಲ್ಲ ಸರಿಯಿದ್ದರೆ ಗೋಡೆಯ ಮೇಲಿನ ವೈಮಾನಿಕ ಚಿತ್ರದ ಮುಂದೆ ನಿಲ್ಲಿಸಿ, ಯಾವ ಕಡೆಯಿಂದ ತಿರುಗಿ ಇಳಿಯಬೇಕು, ಯಾವ ಹೊಲದ ರೈತ ಕೋಪಿಷ್ಠ ಎಂಬುದನ್ನು ಹೇಳಿಕೊಡುತ್ತಾರೆ. ಈ ಕಾಗದಗಳಲ್ಲಿ ಒಂದು ಕಡಿಮೆಯಾದರೂ ಎಷ್ಟೇ ಆತ್ಮೀಯ ಡ್ರಾಪ್‌ಜೋನ್ ಆಗಲಿ ವಿಮಾನ ಹತ್ತಿಸುವುದಿಲ್ಲ. ರಾತ್ರಿ ಊಟಕ್ಕೆ ಮಾತ್ರ ನಿಲ್ಲಿಸಿಕೊಳ್ಳುತ್ತದೆ.